ಮೊದಲ ಮಾತು ಯಾರದು?

ಮನೆಯ ಮೂಲೆಯಲ್ಲೊಂದು ಪುಟ್ಟ ಗಣಕವನ್ನಿರಿಸಿ, ತನ್ನ ಡೊಮೈನಿಗೆ ಬರುವ ಪತ್ರಗಳನ್ನು ತಾನೇ ಬರಮಾಡಿಕೊಂಡು, ತಾನೇ ಕಾಪಿಟ್ಟು, ತಾನೇ ರವಾನಿಸುವ ಹವ್ಯಾಸವು ಮಿತವ್ಯಯದ ದೃಷ್ಟಿಯಿಂದಾಗಲಿ ಸೌಕರ್ಯದ ದೃಷ್ಟಿಯಿಂದಾಗಲಿ ಸಮರ್ಥನೀಯವಲ್ಲವೆಂಬುದನ್ನು ಈ ಅಂಕಣದ ಓದುಗರು ಬಲ್ಲರು. ದೊಡ್ಡ ಸಂಸ್ಥೆಗಳು ಪುಕ್ಕಟೆಯಾಗಿ ನೀಡುವ ಅಂಚೆಯನ್ನು ಬಿಟ್ಟು ಈ ಕಷ್ಟಕ್ಕೆ ಕೈಹಾಕುವವನು ರುಚಿಗಾಗಿ ಹಾಕುತ್ತಾನೆಯೇ ಹೊರತು ಲಾಭಕ್ಕಾಗಿ ಅಲ್ಲ. ಆ ರುಚಿಯ ಪರಾಕಾಷ್ಠೆಯಾದರೋ ಸಂಪರ್ಕ ಕೆಟ್ಟ ದಿನ ಸಿಕ್ಕುವಂಥದು. ಫೈರ್‌ಫಾಕ್ಸಿನಲ್ಲಿ ವೆಬ್‌ಮೇಲಿನ ಪುಟವು ಸಾಂಗವಾಗಿ ತೆರೆದುಕೊಂಡು, ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆಯೂ ಮೂಡಿ, ಹೆಸರನ್ನೂ ಪಾಸ್‌ವರ್ಡನ್ನೂ ಕೇಳುವ ಚೌಕಗಳೆರಡೂ ಯಥಾಸ್ಥಾನದಲ್ಲಿದ್ದು, ಅವನ್ನು ತುಂಬಿ ಗುಂಡಿಯೊತ್ತಿದ ಮೇಲೆ ಮಾತ್ರ, ಪತ್ರಸಂಗ್ರಹದೊಡನೆ ಸಂಪರ್ಕ ಸಾಧ್ಯವಾಗಲಿಲ್ಲವೆಂಬ ಒಂದು ಸಾಲಿನ ಒಕ್ಕಣೆ ಕಾಣಿಸಿಕೊಳ್ಳುವ ಪ್ರಸಂಗವು ನಮ್ಮಲ್ಲಿ ಎಲ್ಲರಿಗೂ ಒಂದಲ್ಲ ಒಂದು ದಿನ ಒದಗತಕ್ಕುದೇ ಆಗಿದೆ. ಈ ವಾರ ಆ ಒಂದು ಸಾಲನ್ನು ಕುರಿತು ನಾಲ್ಕು ಮಾತು.

ಬೀಗದ ಚಿಹ್ನೆಯಿರಲಾಗಿ ಸುರಕ್ಷಿತ ಸಂಪರ್ಕವು ಸರಿಯಿದೆಯೆಂದೂ, ದೋಷವು ಪಾಸ್‌ವರ್ಡಿನಲ್ಲಿಯೇ ಇರಬೇಕೆಂದೂ ಊಹಿಸುವುದು ಸಹಜ. ಆದರೆ ವೆಬ್‌ಮೇಲಿನಲ್ಲಿ ಸುರಕ್ಷಿತ ಸಂಪರ್ಕಗಳಿರುವುದು ಒಂದಲ್ಲ, ಮೂರು. ಓದುಗನ ಬ್ರೌಸರಿನಿಂದ ವೆಬ್ ಸರ್ವರ್‌ನ ೪೪೩ನೆಯ ಪೋರ್ಟಿಗೆ ಬರುವುದು ಮೊದಲನೆಯದು. ಅಲ್ಲಿ ಕುಳಿತಿರುವ ರೌಂಡ್‌ಕ್ಯೂಬ್ ಎಂಬ ತಂತ್ರಾಂಶವು ಪತ್ರಗಳನ್ನು ತನ್ನಲ್ಲಿ ಇಟ್ಟುಕೊಂಡಿರುವುದಿಲ್ಲ. ಪಿಎಚ್‌ಪಿ ಭಾಷೆಯಲ್ಲಿ ರಚಿತವಾದ ಅದು ಓದುಗನ ಪರವಾಗಿ, ಪತ್ರಗಳನ್ನು ಕಾಪಿಡುವ ಡವ್‌ಕಾಟಿನ ಬಾಗಿಲಿಗೆ ತಾನೊಬ್ಬ ಗಿರಾಕಿಯಂತೆ ಹೋಗಿ, ೯೯೩ನೆಯ ಅಥವಾ ೧೪೩ನೆಯ ಪೋರ್ಟಿನಲ್ಲಿ ಐಮ್ಯಾಪ್ ವಿಧಾನದಿಂದ ಪತ್ರಗಳನ್ನು ಬೇಡುತ್ತದೆ. ಇದು ಎರಡನೆಯದು. ಉತ್ತರ ಬರೆದು ಕಳುಹಿಸುವಾಗ ೫೮೭ ಇಲ್ಲವೆ ೪೬೫ನೆಯ ಪೋರ್ಟಿನಲ್ಲಿ ಪತ್ರಗಳನ್ನು ರವಾನಿಸುವ ಪೋಸ್ಟ್‌ಫಿಕ್ಸಿನೊಡನೆ ಆಗುವ ಸಂಧಾನ ಮೂರನೆಯದು. ಬ್ರೌಸರಿನ ಬೀಗವು ಮೊದಲನೆಯದಕ್ಕೆ ಮಾತ್ರ ಸಾಕ್ಷಿ. ಉಳಿದೆರಡನ್ನು ಕುರಿತು ಅದು ಏನನ್ನೂ ಅರಿಯದು. ಆದುದರಿಂದ ಯಾವ ಕಡತವನ್ನೂ ತಿದ್ದುವುದಕ್ಕೆ ಮುಂಚೆ, ನಿರಾಕರಿಸಿದ ಬಾಗಿಲು ಇವುಗಳಲ್ಲಿ ಯಾವುದೆಂಬುದನ್ನು ನಿಶ್ಚಯಿಸಿಕೊಳ್ಳತಕ್ಕುದು. ಇದನ್ನು ಬಿಟ್ಟು ಮೂರೂ ಕಡೆಯ ವಿನ್ಯಾಸವನ್ನು ಏಕಕಾಲಕ್ಕೆ ಬದಲಿಸುವವರ ಮನೆಯಲ್ಲಿ ದೋಷಗಳು ಮೂರಾಗುತ್ತವೆ.

ನಿಶ್ಚಯಿಸಿಕೊಳ್ಳುವ ಸಾಧನಗಳು ಎರಡೇ: ಲಾಗ್ ಕಡತಗಳು, ಮತ್ತು ಓಪನ್‌ಎಸ್‌ಎಸ್‌ಎಲ್‌ನ ‘ಎಸ್‌-ಕ್ಲೈಂಟ್’ ಎಂಬ ಆಜ್ಞೆ. ವೆಬ್‌ಮೇಲು ಓದುಗನಿಗೆ ತೋರಿಸುವ ಒಕ್ಕಣೆಯು ಶಿಷ್ಟಾಚಾರದ್ದು. ನಿಜವಾದ ದೂರನ್ನು ಅದು ತನ್ನ ದೋಷದ ಲಾಗಿನಲ್ಲಿ ಬರೆದಿಟ್ಟಿರುತ್ತದೆ. ಸಂಪರ್ಕವನ್ನು ‘ತಿರಸ್ಕರಿಸಲಾಯಿತು’ ಎಂದಿದ್ದರೆ ಗಣಕದವರೆಗೆ ಹೋಗಿ ಬಂದದ್ದಾಯಿತು, ಆ ಪೋರ್ಟಿನಲ್ಲಿ ಕಿವಿಗೊಟ್ಟು ಕೂತವರು ಯಾರೂ ಇಲ್ಲ ಎಂದರ್ಥ. ‘ಕಾಲಾವಧಿ ಮೀರಿತು’ ಎಂದಿದ್ದರೆ ನಡುವೆ ಫೈರ್‌ವಾಲು ಸದ್ದಿಲ್ಲದೆ ನುಂಗಿಕೊಂಡಿತೆಂದು ಸಾಮಾನ್ಯವಾಗಿ ತಿಳಿಯಬಹುದು. ಸಾಮಾನ್ಯವಾಗಿ ಎಂದೆ, ಏಕೆಂದರೆ ಕಾಲಾವಧಿ ಮೀರುವುದಕ್ಕೆ ಮತ್ತೊಂದು ಕಾರಣವೂ ಉಂಟು, ಮತ್ತು ಈ ಹವ್ಯಾಸದ ಅತ್ಯಂತ ರಮ್ಯವಾದ ದೋಷ ಅದೇ ಎಂದು ನಾನು ಭಾವಿಸಿದ್ದೇನೆ.

೧೯೮೨ರಲ್ಲಿ ಜಾನ್ ಪೋಸ್ಟೆಲ್ ಅವರು ೮೨೧ನೆಯ ಆರ್‌ಎಫ್‌ಸಿಯಾಗಿ ಪ್ರಕಟಿಸಿದ ಎಸ್‌ಎಮ್‌ಟಿಪಿಯಲ್ಲಿಯೂ, ಅನಂತರ ಬಂದ ಐಮ್ಯಾಪಿನಲ್ಲಿಯೂ, ಸಂಪರ್ಕ ಏರ್ಪಟ್ಟೊಡನೆ ಮೊದಲು ಮಾತಾಡತಕ್ಕದ್ದು ಸರ್ವರ್. ಬಂದವನು ಸುಮ್ಮನಿದ್ದು ಸ್ವಾಗತವಾಕ್ಯವನ್ನು ಕೇಳಿಸಿಕೊಂಡ ತರುವಾಯವೇ ಬಾಯಿ ತೆರೆಯಬೇಕು. ೧೯೯೦ರ ದಶಕದಲ್ಲಿ ನೆಟ್‌ಸ್ಕೇಪ್ ಸಂಸ್ಥೆಯು ಎಸ್‌ಎಸ್‌ಎಲ್ ಎಂದು ಆರಂಭಿಸಿ ೧೯೯೯ರಲ್ಲಿ ಟಿಎಲ್‌ಎಸ್ ಎಂಬ ನಾಮಾಂತರವನ್ನು ಪಡೆದ ಗೂಢಲಿಪಿಯ ವಿಧಾನದಲ್ಲಾದರೋ ಮರ್ಯಾದೆ ತಲೆಕೆಳಗು: ಬಂದವನೇ ಮೊದಲು ನಮಸ್ಕರಿಸಿ, ತನಗೆ ಬರುವ ಲಿಪಿಗಳಾವುವು, ತಾನು ಯಾರನ್ನು ಕಾಣಬಂದಿದ್ದೇನೆ ಎಂಬುದನ್ನು ಅರುಹಬೇಕು, ಸರ್ವರ್ ಅಲ್ಲಿಯವರೆಗೆ ಮೌನಿ. ಈ ಎರಡು ಸಂಪ್ರದಾಯಗಳನ್ನು ಹೊಂದಿಸುವುದಕ್ಕೋಸ್ಕರ ಎರಡು ಮಾರ್ಗಗಳು ಹುಟ್ಟಿದುವು. ೧೪೩ನೆಯ ಪೋರ್ಟಿನಲ್ಲಿ ಬಯಲು ಭಾಷೆಯಲ್ಲಿಯೇ ಸ್ವಾಗತವಾಗಿ, ಬಳಿಕ ‘ಸ್ಟಾರ್ಟ್‌ಟಿಎಲ್‌ಎಸ್’ ಎಂಬ ಕೋರಿಕೆಯ ಮೇರೆಗೆ ಗೂಢಭಾಷೆಗೆ ಹೊರಳುವುದು ಒಂದು. ೯೯೩ರಲ್ಲಿ ಆರಂಭದ ಅಕ್ಷರದಿಂದಲೇ ಗೂಢಭಾಷೆಯಾಗಿರುವುದು ಇನ್ನೊಂದು.

ಈಗ ವಿನ್ಯಾಸದ ಕಡತದಲ್ಲಿ ಪೋರ್ಟನ್ನು ೯೯೩ ಎಂದು ಬರೆದು, ವಿಧಾನವನ್ನು ಮಾತ್ರ ಬಯಲು ಭಾಷೆಯದೆಂದು ಬಿಟ್ಟರೆ ಆಗುವುದೇನು? ರೌಂಡ್‌ಕ್ಯೂಬು ಸ್ವಾಗತವನ್ನು ನಿರೀಕ್ಷಿಸಿ ಸುಮ್ಮನಿರುತ್ತದೆ. ಡವ್‌ಕಾಟು ನಮಸ್ಕಾರವನ್ನು ನಿರೀಕ್ಷಿಸಿ ಸುಮ್ಮನಿರುತ್ತದೆ. ಮದುವೆಯ ಚಪ್ಪರದಲ್ಲಿ ಅವರೇ ಮೊದಲು ಮಾತಾಡಿಸಲಿ ಎಂದು ಎದುರುಬದುರಾಗಿ ಬಿಗಿದು ಕುಳಿತ ಬೀಗರಂತೆ ಇಬ್ಬರೂ ಕಾಲಾವಧಿ ಮೀರುವವರೆಗೆ ಕುಳಿತಿದ್ದು ಎದ್ದುಹೋಗುತ್ತಾರೆ. ಇಬ್ಬರಲ್ಲಿ ಯಾರೂ ತಪ್ಪು ಮಾಡಿಲ್ಲ, ಲಾಗಿನಲ್ಲಿ ಬರೆಯುವುದಕ್ಕೂ ಹೆಚ್ಚೇನೂ ಇಲ್ಲ. ಫೈರ್‌ವಾಲನ್ನು ಅಕಾರಣವಾಗಿ ಶಂಕಿಸಿ ಅದರ ನಿಯಮಗಳನ್ನು ಕಿತ್ತುಹಾಕುವವರು ಬಹುಮಂದಿ ಈ ಮೌನದಿಂದ ಮೋಸಹೋದವರು. ಇದರ ವಿಲೋಮವು ಇನ್ನೂ ಸ್ವಾರಸ್ಯಕರ. ೧೪೩ಕ್ಕೆ ಹೋಗಿ ಗೂಢಭಾಷೆಯಲ್ಲಿ ನಮಸ್ಕರಿಸಿದಾಗ ಎದುರಿನಿಂದ ಬರುವುದು ನಕ್ಷತ್ರಚಿಹ್ನೆ, ಒಂದು ತೆರಪು, ‘ಓಕೆ’ ಎಂದು ಮೊದಲಾಗುವ ಬಯಲು ಸ್ವಾಗತ. ಟಿಎಲ್‌ಎಸ್ ಲೇಖ್ಯದಲ್ಲಿ ಮೊದಲ ಬೈಟು ಲೇಖ್ಯದ ಬಗೆಯನ್ನೂ ಮುಂದಿನ ಎರಡು ಬೈಟುಗಳು ಆವೃತ್ತಿಯ ಸಂಖ್ಯೆಯನ್ನೂ ಸೂಚಿಸತಕ್ಕವುಗಳಾದುದರಿಂದ, ಆ ತೆರಪನ್ನೂ ‘ಓ’ ಅಕ್ಷರವನ್ನೂ ಆವೃತ್ತಿಯೆಂದೇ ಓದಿಕೊಂಡ ಓಪನ್‌ಎಸ್‌ಎಸ್‌ಎಲ್, ಆವೃತ್ತಿಯ ಸಂಖ್ಯೆ ತಪ್ಪಾಗಿದೆಯೆಂದು ಗಂಭೀರವಾಗಿ ದೂರು ಕೊಡುತ್ತದೆ. ಇದನ್ನು ಅಕ್ಷರಶಃ ನಂಬಿ ಟಿಎಲ್‌ಎಸ್ ಆವೃತ್ತಿಗಳನ್ನು ಏರಿಳಿಸುತ್ತ ಸಂಜೆಯನ್ನೆಲ್ಲ ಕಳೆಯುವುದುಂಟು. ಆವೃತ್ತಿಗಳ ನಿಜವಾದ ಜಗಳವೂ ಇಲ್ಲದಿಲ್ಲ, ೧.೦ ಮತ್ತು ೧.೧ನ್ನು ೨೦೨೧ರಲ್ಲಿ ವಿಧಿಪೂರ್ವಕವಾಗಿ ನಿವೃತ್ತಿಗೊಳಿಸಿದ ಮೇಲೆ ಮುದಿ ಫೋನುಗಳು ಹೊಸ ಸರ್ವರ್‌ಗಳೊಡನೆ ಮಾತು ಬಿಟ್ಟಿವೆ. ಆದರೆ ಒಂದೇ ಮನೆಯ ಒಂದೇ ಗಣಕದೊಳಗಿನ ಎರಡು ತಂತ್ರಾಂಶಗಳ ನಡುವೆ ಈ ದೂರು ಬಂದರೆ, ಮೊದಲು ಪೋರ್ಟನ್ನು ನೋಡುವುದು ಲೇಸು.

ಬಾಗಿಲು ಸರಿಯಿದ್ದು ಹೆಸರು ತಪ್ಪಿದಾಗ ಆಗುವ ಕಥೆ ಬೇರೆ. ೨೦೧೪ರಲ್ಲಿ ಬಂದ ಪಿಎಚ್‌ಪಿಯ ೫.೬ನೆಯ ಆವೃತ್ತಿಯವರೆಗೆ ಆ ಭಾಷೆಯು ಎದುರಿನವನ ಪ್ರಮಾಣಪತ್ರವನ್ನು ತಾನಾಗಿ ಪರೀಕ್ಷಿಸುತ್ತಿರಲಿಲ್ಲ. ಆ ಆವೃತ್ತಿಯಿಂದೀಚೆಗೆ ಪರೀಕ್ಷಿಸತೊಡಗಿತು. ‘ಲೋಕಲ್‌ಹೋಸ್ಟ್’ ಎಂಬ ಹೆಸರಿನಿಂದ ಡವ್‌ಕಾಟನ್ನು ಕರೆಯುತ್ತಿದ್ದ ವೆಬ್‌ಮೇಲುಗಳು, ಪ್ರಮಾಣಪತ್ರದಲ್ಲಿ ಡೊಮೈನಿನ ಹೆಸರು ಮಾತ್ರ ಇರಲಾಗಿ, ಅಂದಿನವರೆಗೆ ನಡೆಯುತ್ತಿದ್ದು ಏಕಾಏಕಿ ನಿಂತುಹೋದುವು. ಇದಕ್ಕೆ ಲೋಕಪ್ರಸಿದ್ಧವಾದ ಚಿಕಿತ್ಸೆಯೆಂದರೆ ಪರೀಕ್ಷೆಯನ್ನೇ ರದ್ದುಗೊಳಿಸುವ ಎರಡು ಸಾಲುಗಳನ್ನು ವಿನ್ಯಾಸದಲ್ಲಿ ಸೇರಿಸುವುದು. ರೋಗಿ ತತ್‌ಕ್ಷಣ ಎದ್ದು ಕೂರುತ್ತಾನೆ, ಎಲ್ಲರೂ ಸಂತುಷ್ಟರು. ನಾನಾದರೋ ಇದನ್ನು ಅಪಥ್ಯವೆಂದೇ ಎಣಿಸುವವನು. ಯಾರೆಂದು ಕೇಳದೆ ಗುಟ್ಟು ಹೇಳುವುದಾದರೆ ಗೂಢಭಾಷೆಯ ಶ್ರಮವೇಕೆ? ವೆಬ್‌ಮೇಲೂ ಡವ್‌ಕಾಟೂ ಒಂದೇ ಗಣಕದಲ್ಲಿದ್ದರೆ ಅವುಗಳ ಸಂಭಾಷಣೆ ಆ ಗಣಕದಾಚೆಗೆ ಕಾಲಿಡುವುದಿಲ್ಲ, ೧೨೭.೦.೦.೧ ಎಂಬ ಒಳವಿಳಾಸಕ್ಕೆ ಮಾತ್ರ ೧೪೩ನೆಯ ಪೋರ್ಟನ್ನು ತೆರೆದಿಟ್ಟು ಬಯಲು ಭಾಷೆಯಲ್ಲಿಯೇ ಮಾತಾಡಿಕೊಳ್ಳಲಿ. ಡವ್‌ಕಾಟು ಸಹ ಅಂಥ ಒಳಸಂಪರ್ಕವನ್ನು ಸುರಕ್ಷಿತವೆಂದೇ ಪರಿಗಣಿಸಿ ಪಾಸ್‌ವರ್ಡನ್ನು ಸ್ವೀಕರಿಸುತ್ತದೆ. ಬೇರೆ ಬೇರೆ ಗಣಕಗಳಾದರೆ ಪರೀಕ್ಷೆಯನ್ನು ಕಟ್ಟುನಿಟ್ಟಾಗಿ ಉಳಿಸಿಕೊಂಡು, ಪ್ರಮಾಣಪತ್ರದಲ್ಲಿ ಬರೆದಿರುವ ಪೂರ್ಣನಾಮದಿಂದಲೇ ಕರೆಯತಕ್ಕುದು. ಇವೆರಡರ ನಡುವಿನ ಅರ್ಧಂಬರ್ಧ ಮಾರ್ಗದಲ್ಲಿ ನನಗೆ ಆದರವಿಲ್ಲ. ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಡೊಮೈನನ್ನು ಪಡೆದವರು ಇಲ್ಲಿ ಒಂದನ್ನು ಗಮನಿಸಬೇಕು: ಪ್ರಮಾಣಪತ್ರದೊಳಗೆ ಆ ಹೆಸರು ಕನ್ನಡದಲ್ಲಿರದೆ, ‘ಎಕ್ಸ್’ ‘ಎನ್’ ಎಂಬೆರಡು ರೋಮನ್ ಅಕ್ಷರ, ಎರಡು ಅಡ್ಡಗೆರೆಗಳಿಂದ ಮೊದಲಾಗುವ ವಿಕಾರರೂಪದಲ್ಲಿರುತ್ತದೆ, ವಿನ್ಯಾಸದಲ್ಲಿಯೂ ಆ ರೂಪವನ್ನೇ ಬರೆದರೆ ತಂಟೆಯಿಲ್ಲ.

ಹೆಸರು ಕೂಡಿಬಂದರೂ ವಂಶಾವಳಿ ಕೂಡಿಬರದಿರಬಹುದು. ಸರ್ವರ್ ತನ್ನ ಪ್ರಮಾಣಪತ್ರದ ಜೊತೆಗೆ, ಅದಕ್ಕೆ ಸಹಿ ಮಾಡಿದ ಮಧ್ಯವರ್ತಿಯ ಪತ್ರವನ್ನೂ ಒಪ್ಪಿಸಬೇಕು; ಅದನ್ನು ಮರೆತ ಸರ್ವರ್ ಬ್ರೌಸರಿನಲ್ಲಿ ಪಾರಾಗುವುದೂ ವೆಬ್‌ಮೇಲಿನಲ್ಲಿ ಸಿಕ್ಕಿಬೀಳುವುದೂ ಬಹಳ ಸಾಮಾನ್ಯ, ಕಾರಣವೇನೆಂದರೆ ಬ್ರೌಸರುಗಳು ಕಾಣೆಯಾದ ಕೊಂಡಿಯನ್ನು ತಾವೇ ಹುಡುಕಿ ತಂದು ಜೋಡಿಸಿಕೊಳ್ಳುವಷ್ಟು ದಯಾಪರವಾಗಿವೆ, ಪಿಎಚ್‌ಪಿ ಅಲ್ಲ. ‘ಎಸ್‌-ಕ್ಲೈಂಟ್’ ಆಜ್ಞೆಯ ಕೊನೆಯಲ್ಲಿ ಬರುವ ಅಂಕಿ ಇಂಥಲ್ಲಿ ವೈದ್ಯನಿಗೆ ರೋಗಿಯ ನಾಡಿಯಂತಿರುತ್ತದೆ: ಸೊನ್ನೆ ಬಂದರೆ ಆರೋಗ್ಯ, ೧೦ ಬಂದರೆ ಅವಧಿ ಮುಗಿದಿದೆ, ೧೮ ಬಂದರೆ ತನಗೆ ತಾನೇ ಸಹಿ ಮಾಡಿಕೊಂಡ ಪತ್ರ, ೨೧ ಬಂದರೆ ಈ ಕಾಣೆಯಾದ ಕೊಂಡಿ. ಕೊನೆಯದಕ್ಕೆ ಪರಿಹಾರ ಸುಲಭ. ಒಂಟಿ ಪತ್ರದ ಕಡತದ ಬದಲು ‘ಫುಲ್‌ಚೈನ್’ ಎಂಬ ಕಡತವನ್ನು ಡವ್‌ಕಾಟಿಗೆ ತೋರಿಸುವುದು.

೧೦ ಎಂಬ ಅಂಕಿ ಬಂದಾಗ ಮಾತ್ರ ಸ್ವಲ್ಪ ಪತ್ತೇದಾರಿ ಬೇಕಾಗುತ್ತದೆ. ೨೦೧೫ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪುಕ್ಕಟೆ ಪ್ರಮಾಣಪತ್ರಗಳೇ ನಮ್ಮಂಥವರ ಆಧಾರ. ಅವುಗಳ ಆಯುಸ್ಸು ೯೦ ದಿನ ಎಂಬುದು ರೂಢಿ. ಮುಗಿಯಲು ೩೦ ದಿನಗಳಿರುವಾಗಲೇ ಸರ್ಟ್‌ಬಾಟ್ ಎಂಬ ತಂತ್ರಾಂಶವು ಹೊಸದನ್ನು ತಂದು ಕಡತದಲ್ಲಿ ಇಡುತ್ತದೆ. ಆದರೆ ಡವ್‌ಕಾಟು ಕಡತವನ್ನು ಓದಿಕೊಂಡದ್ದು ತಾನು ಎದ್ದ ದಿನ. ಮತ್ತೆ ಓದೆಂದು ಯಾರೂ ಹೇಳದಿದ್ದರೆ ಹಳೆಯ ಪತ್ರವನ್ನೇ ತೋರಿಸುತ್ತ, ಅದಿನ್ನೂ ಜೀವಂತವಾಗಿರುವುದರಿಂದ ಯಾರಿಗೂ ಸಂಶಯ ಬಾರದಂತೆ ತಿಂಗಳೊಪ್ಪತ್ತು ನಡೆದುಕೊಂಡು ಹೋಗಿ, ಒಂದು ಬೆಳಗ್ಗೆ ಹಠಾತ್ತನೆ ನಿಲ್ಲುತ್ತದೆ. ವೆಬ್ ಸರ್ವರನ್ನು ಸರ್ಟ್‌ಬಾಟ್ ಎಬ್ಬಿಸಿದ್ದರಿಂದ ೪೪೩ರಲ್ಲಿ ಹೊಸ ಪತ್ರ, ೯೯೩ರಲ್ಲಿ ಹಳೆಯ ಪತ್ರ. ಕಡತವನ್ನು ತೆರೆದು ನೋಡಿದರೆ ದಿನಾಂಕ ಸರಿಯಾಗಿಯೇ ಇದೆ! ಕಾರಣಕ್ಕೂ ಕಾರ್ಯಕ್ಕೂ ನಡುವೆ ಒಂದು ತಿಂಗಳ ಅಂತರವಿರುವ ಇಂಥ ದೋಷಗಳನ್ನು ಕಡತ ನೋಡಿ ಹಿಡಿಯಲಾಗದು, ಪೋರ್ಟನ್ನೇ ಕೇಳಬೇಕು. ನವೀಕರಣವಾದೊಡನೆ ಡವ್‌ಕಾಟಿಗೂ ಪೋಸ್ಟ್‌ಫಿಕ್ಸಿಗೂ ‘ರೀಲೋಡ್’ ಹೇಳುವ ಒಂದು ಸಾಲನ್ನು ಸರ್ಟ್‌ಬಾಟಿನ ‘ಡಿಪ್ಲಾಯ್ ಹುಕ್’ನಲ್ಲಿ ಬರೆದಿಟ್ಟವನು ನಿಶ್ಚಿಂತನು.

ರಾಸ್ಪ್‌ಬೆರಿ ಪೈ ಮೇಲೆ ಅಂಚೆ ನಡೆಸುವವರಿಗೆ ಕಾಲದ ಇನ್ನೊಂದು ಕಾಟವುಂಟು. ೨೦೨೩ರಲ್ಲಿ ಬಂದ ಐದನೆಯ ಮಾದರಿಗಿಂತ ಹಿಂದಿನವುಗಳಲ್ಲಿ ಗಡಿಯಾರದ ಚಿಪ್ಪೇ ಇಲ್ಲ. ನಮ್ಮ ಊರುಗಳಲ್ಲಿ ಆಗಾಗ ಆಗುವಂತೆ ವಿದ್ಯುತ್ತು ಹೋಗಿ ಬಂದಾಗ, ಅಂಥ ಗಣಕವು ತಾನು ಕೊನೆಗೆ ಬರೆದಿಟ್ಟುಕೊಂಡ ವೇಳೆಯಿಂದಲೋ, ಅದೂ ಇಲ್ಲದಿದ್ದರೆ ತಂತ್ರಾಂಶ ತಯಾರಾದ ದಿನದಿಂದಲೋ ಎಣಿಕೆಯನ್ನು ಆರಂಭಿಸುತ್ತದೆ. ರೂಟರು ಎಚ್ಚೆತ್ತು ಅಂತರಜಾಲದಿಂದ ಸರಿಯಾದ ಸಮಯ ಬರುವವರೆಗೆ, ಪ್ರಮಾಣಪತ್ರವು ಇನ್ನೂ ಹುಟ್ಟಿಯೇ ಇಲ್ಲವೆಂದು ವಾದಿಸಬಲ್ಲದು. ಡವ್‌ಕಾಟಿನ ಹಳೆಯ ಆವೃತ್ತಿಗಳಂತೂ ಗಡಿಯಾರ ಹಿಂದಕ್ಕೆ ಸರಿದುದನ್ನು ಕಂಡರೆ, ತಾನಿನ್ನು ಪ್ರಾಣತ್ಯಾಗ ಮಾಡುತ್ತೇನೆಂದು ಲಾಗಿನಲ್ಲಿ ಬರೆದಿಟ್ಟು ಹಾಗೆಯೇ ಮಾಡುತ್ತಿದ್ದುವು. ಕರ್ತೃ ಟಿಮೊ ಸಿರೈನೆನ್ ಅವರ ಹಾಸ್ಯಪ್ರಜ್ಞೆಗೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಹೊರಗಿನಿಂದ ಬರುವ ಸಂಪರ್ಕದ ತೊಡಕುಗಳನ್ನು ಇನ್ನೊಂದು ವಾರ ವಿಸ್ತರಿಸಬೇಕು. ಸದ್ಯಕ್ಕೆ ಎರಡು ಮಾತು. ಮನೆಯೊಳಗಿನಿಂದ ತನ್ನದೇ ಡೊಮೈನನ್ನು ಕರೆದಾಗ ರೂಟರಿನ ಪ್ರಮಾಣಪತ್ರ ಎದುರಾದರೆ ಅಂಚೆ ಸರ್ವರ್ ನಿರಪರಾಧಿ. ಮೊಬೈಲ್ ಡೇಟಾದಿಂದ ಪರೀಕ್ಷಿಸಿ ನೋಡತಕ್ಕುದು. ರೂಟರಿಗೆ ದೊರೆತ ಹೊರವಿಳಾಸವು ೧೦೦.೬೪ರಿಂದ ೧೦೦.೧೨೭ರವರೆಗಿನ ಅಂಕಿಗಳಿಂದ ಮೊದಲಾಗುತ್ತಿದ್ದರೆ, ಸೇವಾದಾತರು ತಮ್ಮ ಒಂದೇ ಸಾರ್ವಜನಿಕ ವಿಳಾಸವನ್ನು ಬಹುಮಂದಿಗೆ ಹಂಚಿರುತ್ತಾರೆ; ರೂಟರಿನಲ್ಲಿ ಎಷ್ಟು ಪೋರ್ಟು ತೆರೆದರೂ ವ್ಯರ್ಥ, ಪ್ರತ್ಯೇಕ ವಿಳಾಸವನ್ನು ಕೇಳಿ ಪಡೆಯಬೇಕು.

ಪತ್ರಗಳು ಕಣ್ಣಿಗೆ ಬಿದ್ದ ಸಂತೋಷದಲ್ಲಿ ಮೂರನೆಯ ಸಂಪರ್ಕವನ್ನು ಮರೆಯುವವರುಂಟು. ಉತ್ತರ ಬರೆದು ಕಳುಹಿಸುವಾಗ ಅದು ತನ್ನ ಇರವನ್ನು ನೆನಪಿಸುತ್ತದೆ. ಅಲ್ಲಿಯೂ ಮೊದಲು ಮಾತಾಡುವವರಾರೆಂಬ ಪ್ರಶ್ನೆಯೇ. ೫೮೭ರಲ್ಲಿ ಸರ್ವರ್ ಬಯಲಿನಲ್ಲಿ ಸ್ವಾಗತಿಸುತ್ತದೆ, ಆದುದರಿಂದ ರೌಂಡ್‌ಕ್ಯೂಬಿನ ವಿನ್ಯಾಸದಲ್ಲಿ ‘ಟಿಎಲ್‌ಎಸ್’ ಎಂಬ ಉಪಸರ್ಗ. ಒಮ್ಮೆ ಕೊಟ್ಟು ಹಿಂತೆಗೆದುಕೊಂಡು ೨೦೧೮ರಲ್ಲಿ ಮತ್ತೆ ಮಾನ್ಯ ಮಾಡಿದ ೪೬೫ರಲ್ಲಿ ಗೂಢಭಾಷೆಯೇ ಆರಂಭ, ಅದಕ್ಕೆ ‘ಎಸ್‌ಎಸ್‌ಎಲ್’ ಎಂಬುದು. ಎರಡರಲ್ಲಿಯೂ ನಡೆಯುವುದು ಟಿಎಲ್‌ಎಸ್ಸೇ ಆಗಿದ್ದು ಹೆಸರುಗಳು ಹೀಗೇಕೆಂದು ಕೇಳಿ ಪ್ರಯೋಜನವಿಲ್ಲ. ವೀಟ್ಸೆ ವೆನೆಮಾ ಅವರು ಐಬಿಎಮ್ಮಿನಲ್ಲಿದ್ದಾಗ ರಚಿಸಿ ೧೯೯೮ರಲ್ಲಿ ಹೊರತಂದ ಪೋಸ್ಟ್‌ಫಿಕ್ಸಿನ ‘ಮಾಸ್ಟರ್’ ಕಡತದಲ್ಲಿ ೪೬೫ನೆಯ ಪೋರ್ಟಿನ ಸಾಲನ್ನು ತೆರೆಯುವಾಗ, ಅದರ ಕೆಳಗಿರುವ ‘ರ‍್ಯಾಪರ್‌ಮೋಡ್’ ಎಂಬ ಸಾಲಿನ ಆರಂಭದ ‘#’ ಚಿಹ್ನೆಯನ್ನೂ ತಪ್ಪದೆ ಅಳಿಸಬೇಕು. ಅದನ್ನು ಹಾಗೆಯೇ ಬಿಟ್ಟರೆ ಪೋಸ್ಟ್‌ಫಿಕ್ಸು ಬಾಗಿಲು ತೆರೆದೊಡನೆ ಬಯಲು ಭಾಷೆಯಲ್ಲಿ ಸ್ವಾಗತಿಸಿಬಿಡುತ್ತದೆ, ಮತ್ತು ಆವೃತ್ತಿಯ ಸಂಖ್ಯೆ ತಪ್ಪಾಗಿದೆಯೆಂಬ ಅದೇ ದೂರು ಈ ಬಾರಿ ಕಳುಹಿಸುವ ಕಡೆಯ ಲಾಗಿನಲ್ಲಿ ಬಂದು ಕೂರುತ್ತದೆ.