ಮೂರು ಸಾಲಿನ ಅಳತೆ

ಆಸ್ಟ್ರೇಲಿಯಾದ ರಾಷ್ಟ್ರೀಯ ಪರಿಹಾರ ಯೋಜನೆಯ ಕಾನೂನಿನಡಿ ಒಂದು ಪುಟ್ಟ ಕೋಷ್ಟಕವಿದೆ. ಬಾಲ್ಯದಲ್ಲಿ ಅನಾಥಾಲಯ, ಶಾಲೆ, ಚರ್ಚು, ಬಾಲಮಂದಿರಗಳಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದವರು ಹಾಕಿಕೊಳ್ಳುವ ಅರ್ಜಿಗಳೆಲ್ಲ ಕೊನೆಗೆ ಅದರ ಮುಂದೆ ಬಂದು ನಿಲ್ಲುತ್ತವೆ. ಕೋಷ್ಟಕದಲ್ಲಿ ಮೂರೇ ಸಾಲು. ದೇಹದೊಳಕ್ಕೆ ನುಗ್ಗಿ ನಡೆಸಿದ ದೌರ್ಜನ್ಯಕ್ಕೆ 70,000 ಡಾಲರ್. ದೇಹವನ್ನು ಮುಟ್ಟಿ ನಡೆಸಿದ್ದಕ್ಕೆ 30,000. ಮುಟ್ಟದೆ, ಮಗು ನೋಡಬಾರದ್ದನ್ನು ತೋರಿಸಿಯೋ ಮಗುವನ್ನು ಬೆತ್ತಲಾಗಿಸಿ ನೋಡಿಯೋ ನಡೆಸಿದ್ದಕ್ಕೆ 5,000. ಅದರಿಂದ ಬದುಕು ಏನಾಯಿತು ಎಂಬುದಕ್ಕೆ ಪಕ್ಕದ ಕಾಲಮ್ಮಿನಲ್ಲಿ ಇನ್ನೊಂದಿಷ್ಟು: ಮೊದಲ ಸಾಲಿನವರಿಗೆ 20,000, ಎರಡನೆಯವರಿಗೆ 10,000, ಮೂರನೆಯವರಿಗೆ 5,000.

ಸರ್ಕಾರಗಳು ಹಳೆಯ ಪಾಪಕ್ಕೆ ಪರಿಹಾರ ಕೊಡಲು ಮಾಡಿಕೊಂಡ ವ್ಯವಸ್ಥೆಗಳ ಪೈಕಿ ಇದನ್ನೇ ವಿಮರ್ಶೆಗೆ ಎತ್ತಿಕೊಳ್ಳಲು ಕಾರಣವಿದೆ. ಐರ್ಲೆಂಡಿನ 2002ರ ಪರಿಹಾರ ಮಂಡಳಿ, ಹಣ ಪಡೆದವರು ಆ ವಿವರಗಳನ್ನು ಬಹಿರಂಗಪಡಿಸುವುದನ್ನೇ ಅಪರಾಧವಾಗಿಸಿತ್ತು. ಬ್ರಿಟನ್ನಿನ ಪರಿಹಾರ ಯೋಜನೆಯಲ್ಲಿ 1979ಕ್ಕೆ ಮೊದಲು ತನ್ನದೇ ಸೂರಿನಡಿ ವಾಸಿಸುವವನಿಂದ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಬಿಡಿಗಾಸೂ ಇರಲಿಲ್ಲ. ಆ ನಿಯಮ ಪೂರ್ತಿ ತೊಲಗಿದ್ದು 2019ರಲ್ಲಿ. ಆಸ್ಟ್ರೇಲಿಯಾದ ಯೋಜನೆ ಇವೆರಡಕ್ಕಿಂತಲೂ ಮೇಲು. ಅದರ ಹಿಂದೆ ಐದು ವರ್ಷದ ತಾಳ್ಮೆಯ ಆಲಿಸುವಿಕೆ ಇದೆ. ಅಷ್ಟು ಕೇಳಿಸಿಕೊಂಡ ಮೇಲೂ ಈ ಕೋಷ್ಟಕ ಹುಟ್ಟಿತಲ್ಲ ಎಂಬುದೇ ನನ್ನ ಸಂಕಟ. ಸಂತ್ರಸ್ತರನ್ನು ನಂಬುವ ವಿಷಯದಲ್ಲಿ ಈ ಯೋಜನೆ ಧೈರ್ಯ ತೋರಿತು. ಅವರ ನೋವನ್ನು ಅಳೆಯಲು ಕುಳಿತಾಗ, ಅವರು ಹೇಳಿದ್ದನ್ನೇ ಪಕ್ಕಕ್ಕಿಟ್ಟಿತು.

2012ರ ನವೆಂಬರಿನಲ್ಲಿ ಪ್ರಧಾನಿ ಜೂಲಿಯಾ ಗಿಲ್ಲಾರ್ಡ್, ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ವಿಚಾರಣೆಗೆ ರಾಯಲ್ ಕಮಿಷನ್ ಎಂಬ ಆಯೋಗವನ್ನು ಘೋಷಿಸಿದರು. ಆಯೋಗದ ಸದಸ್ಯರು ಎಂಟು ಸಾವಿರಕ್ಕೂ ಹೆಚ್ಚು ಮಂದಿಯನ್ನು ಖಾಸಗಿಯಾಗಿ ಭೇಟಿಯಾಗಿ ಕೇಳಿದರು. ಅಲ್ಲಿ ಪಾಟೀಸವಾಲು ಇರಲಿಲ್ಲ. ಹೇಳಬೇಕಾದವರು ಹೇಳಿದರು, ಆಯೋಗದವರು ಕೇಳಿಸಿಕೊಂಡರು. ಹಾಗೆ ಬಂದವರು ತಮಗಾದದ್ದನ್ನು ಮೊದಲ ಬಾರಿ ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳಲು ಸರಾಸರಿ 23.9 ವರ್ಷ ತೆಗೆದುಕೊಂಡಿದ್ದರು. ಎಂಟು ವರ್ಷದ ಹುಡುಗಿಗೆ ಆದದ್ದು ಅವಳು ಮೂವತ್ತೆರಡರ ಹೆಂಗಸಾದಾಗ ಹೊರಬರುತ್ತದೆ. ಅಷ್ಟು ಹೊತ್ತಿಗೆ ಅಪರಾಧಿ ಸತ್ತಿರುತ್ತಾನೆ, ಅನಾಥಾಲಯ ಮುಚ್ಚಿರುತ್ತದೆ, ದಾಖಲೆಗಳು ಸುಟ್ಟೋ ಕಳೆದೋ ಹೋಗಿರುತ್ತವೆ.

ಕೋರ್ಟಿಗೆ ಹೋದವರ ಪಾಡೂ ಹಾಗೇ ಇತ್ತು. ಸಿಡ್ನಿಯ ಚರ್ಚೊಂದರಲ್ಲಿ ಬಾಲಕನಾಗಿ ಸೇವೆ ಮಾಡುತ್ತಿದ್ದಾಗ ಪಾದ್ರಿಯಿಂದ ದೌರ್ಜನ್ಯಕ್ಕೆ ಒಳಗಾದ ಜಾನ್ ಎಲಿಸ್ ಮುಂದೆ ತಾವೇ ವಕೀಲರಾದವರು. ಅವರು ಹೂಡಿದ ದಾವೆಯಲ್ಲಿ ನ್ಯೂ ಸೌತ್ ವೇಲ್ಸಿನ ಮೇಲ್ಮನವಿ ನ್ಯಾಯಾಲಯ 2007ರಲ್ಲಿ ಕೊಟ್ಟ ತೀರ್ಪಿನ ಸಾರ ಇಷ್ಟು: ಚರ್ಚಿನ ಆಸ್ತಿಯನ್ನು ಹಿಡಿದಿರುವ ಟ್ರಸ್ಟನ್ನು ಪಾದ್ರಿಯ ತಪ್ಪಿಗೆ ಹೊಣೆ ಮಾಡಲಾಗದು. ಆಸ್ತಿ ಒಂದು ಕಡೆ, ಹೊಣೆ ಇನ್ನೊಂದು ಕಡೆ, ನಡುವೆ ದಾವೆ ಹೂಡಲು ಯಾರೂ ಇಲ್ಲ. ಈ ತೀರ್ಪು ಹಲವು ವರ್ಷ ಚರ್ಚಿನ ಕೋಟೆಗೋಡೆಯಾಗಿ ನಿಂತಿತು. ಕೊನೆಗೆ ರಾಜ್ಯಗಳು ಒಂದೊಂದಾಗಿ ಕಾನೂನು ತಂದೇ ಅದನ್ನು ಒಡೆಯಬೇಕಾಯಿತು.

ಆದ್ದರಿಂದಲೇ 2018ರ ಜುಲೈ 1ರಂದು ಜಾರಿಗೆ ಬಂದ ಪರಿಹಾರ ಯೋಜನೆಯ ಪುರಾವೆಯ ನಿಯಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕ್ರಿಮಿನಲ್ ಕೋರ್ಟಿನ ಹಾಗೆ ಸಂಶಯಾತೀತ ಸಾಕ್ಷ್ಯ ಇಲ್ಲಿ ಬೇಕಿಲ್ಲ. ಸಿವಿಲ್ ಕೋರ್ಟಿನ ಹಾಗೆ ಯಾರ ಪಕ್ಷದ ತೂಕ ಹೆಚ್ಚು ಎಂದು ನೋಡುವುದೂ ಇಲ್ಲ. ಹೀಗೆ ನಡೆದಿರುವ ಸಾಧ್ಯತೆ ಕೇವಲ ಕಲ್ಪನೆಯಲ್ಲ, ನಿಜವಾಗಿಯೂ ಇದೆ ಎಂದು ತೋರಿದರೆ ಸಾಕು. ಪೊಲೀಸ್ ದೂರು ಬೇಡ, ಸಾಕ್ಷಿದಾರ ಬೇಡ, ಅಪರಾಧಿಯ ಎದುರು ನಿಲ್ಲುವುದು ಬೇಡ. ಸಿಗುವ ಹಣವನ್ನು ಆದಾಯವೆಂದು ಎಣಿಸಿ ಪಿಂಚಣಿ ಕಡಿತ ಮಾಡುವುದಿಲ್ಲ. ಅರ್ಜಿ ಹಾಕಿದ ಮೇಲೆ ವ್ಯಕ್ತಿ ತೀರಿಕೊಂಡರೂ ಹಣ ವಾರಸುದಾರರಿಗೆ ಸಲ್ಲುತ್ತದೆ. ಮೊದಲು ಅರ್ಜಿಯ ಜತೆ ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ ಬೇಕಿತ್ತು. ಬದುಕಿನುದ್ದಕ್ಕೂ ಸುಳ್ಳುಗಾರರೆನಿಸಿಕೊಂಡವರನ್ನು ಇದು ಇನ್ನೊಮ್ಮೆ ಕಟಕಟೆಗೆ ಹತ್ತಿಸಿದಂತಿತ್ತು. 2021ರಲ್ಲಿ ಅದನ್ನೂ ಕೈಬಿಟ್ಟರು. ಸಾಕ್ಷಿ ತರಲಾಗದವರನ್ನು ನಂಬಲು ಒಂದು ಸರ್ಕಾರ ಕಾನೂನು ಮಾಡಿಕೊಂಡಿದ್ದು ದೊಡ್ಡ ಮಾತು.

ಇಷ್ಟು ನಂಬಿದ ಮೇಲೆ ಅಳೆಯುವ ಹೊತ್ತು ಬಂತು. ಅಲ್ಲೇ ಯೋಜನೆ ಎಡವಿತು.

ರಾಯಲ್ ಕಮಿಷನ್ 2015ರ ಸೆಪ್ಟೆಂಬರಿನ ವರದಿಯಲ್ಲಿ ಸೂಚಿಸಿದ್ದು ನೂರು ಅಂಕಗಳ ಪದ್ಧತಿ. ದೌರ್ಜನ್ಯದ ತೀವ್ರತೆಗೆ 40 ಅಂಕ, ಬದುಕಿನ ಮೇಲೆ ಆದ ಪರಿಣಾಮಕ್ಕೆ 40, ಮಗು ಸಂಸ್ಥೆಯ ವಶದಲ್ಲೇ ಇತ್ತೇ, ಹೊಡೆತವೂ ಜತೆಗಿತ್ತೇ ಎಂಬಂಥ ಸಂಗತಿಗಳಿಗೆ 20. ಕನಿಷ್ಠ ಮೊತ್ತ 10,000 ಡಾಲರ್, ಗರಿಷ್ಠ 2,00,000. ಈ ಅಳತೆಯಲ್ಲಿ ಕೃತ್ಯಕ್ಕೆ ಎಷ್ಟು ತೂಕವೋ, ಅದು ಮಾಡಿದ ಹಾನಿಗೂ ಅಷ್ಟೇ ತೂಕ. ಎಂಟು ಸಾವಿರ ಜನ ಹೇಳಿದ್ದೂ ಅದನ್ನೇ: ಕೃತ್ಯ ನಿಮಿಷಗಳಲ್ಲಿ ಮುಗಿದಿತ್ತು, ಆಮೇಲಿನದು ಮುಗಿಯಲೇ ಇಲ್ಲ. ನಿದ್ದೆ ಹೋಯಿತು, ಮದುವೆ ಮುರಿಯಿತು, ಕುಡಿತ ಅಂಟಿತು, ಸ್ವಂತ ಮಕ್ಕಳನ್ನು ಎತ್ತಿಕೊಳ್ಳಲು ಕೈ ಹೆದರಿತು.

ಸಂಸತ್ತು ಒಪ್ಪಿದ ಯೋಜನೆಯಲ್ಲಿ ಗರಿಷ್ಠ ಮೊತ್ತ 1,50,000ಕ್ಕೆ ಇಳಿಯಿತು. ಆ ಇಳಿಕೆಯ ಸುತ್ತ ಬಹಳ ಗದ್ದಲವಾಯಿತು. ಇದಕ್ಕಿಂತ ಕೆಟ್ಟದ್ದು ಸದ್ದಿಲ್ಲದೆ ನಡೆಯಿತು. ನೂರು ಅಂಕಗಳ ಜಾಗಕ್ಕೆ ಮೂರು ಸಾಲಿನ ಕೋಷ್ಟಕ ಬಂತು. ಪರಿಣಾಮ ಎಂಬುದು ಕೃತ್ಯದ ಬಾಲಂಗೋಚಿಯಾಯಿತು. ಅತ್ಯಂತ ವಿಪರೀತ ಸಂದರ್ಭಗಳಿಗೆಂದು ಇಟ್ಟ 50,000 ಡಾಲರ್ ಮೊದಲ ಸಾಲಿನವರಿಗೆ ಮಾತ್ರ ಸಿಗುತ್ತದೆ. ಅನಾಥಾಲಯದಲ್ಲಿ ಬೆಳೆದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಮೇಲ್ವಿಚಾರಕ ಆರು ವರ್ಷ, ರಾತ್ರಿ ಮೇಲೆ ರಾತ್ರಿ ಅವಳ ಹಾಸಿಗೆಯ ಬಳಿ ಬಂದು ಮುಟ್ಟುತ್ತಿದ್ದ. ಕೋಷ್ಟಕದ ಪ್ರಕಾರ ಅವಳು ಎರಡನೆಯ ಸಾಲು. ಉಳಿದ ಸಣ್ಣ ಕಾಲಮ್ಮುಗಳನ್ನೂ ಸೇರಿಸಿ ಎಲ್ಲವನ್ನೂ ಕೂಡಿಸಿದರೂ 50,000 ದಾಟುವಂತಿಲ್ಲ. ಆ ಆರು ವರ್ಷ ಎಂಬುದಕ್ಕೆ ಕೋಷ್ಟಕದಲ್ಲಿ ಜಾಗವೇ ಇಲ್ಲ. ಒಬ್ಬರ ನೋವನ್ನು ಇನ್ನೊಬ್ಬರದರ ಜತೆ ತೂಗುವ ಹಕ್ಕು ನನಗಿಲ್ಲ. ಕೋಷ್ಟಕ ಮಾತ್ರ ಅದನ್ನೇ ಮಾಡುತ್ತಿದೆ, ದೇಹದ ಯಾವ ಭಾಗಕ್ಕೆ ಏನಾಯಿತು ಎಂಬ ಒಂದೇ ಲೆಕ್ಕದಿಂದ.

ಈ ಲೆಕ್ಕ ಹಣಕ್ಕೆ ನಿಲ್ಲಲಿಲ್ಲ ಎಂಬುದು ಇನ್ನೂ ನೋವಿನದು. ಯೋಜನೆಯ ಎರಡನೆಯ ಅಂಗ ಆಪ್ತಸಮಾಲೋಚನೆ ಮತ್ತು ಮಾನಸಿಕ ಚಿಕಿತ್ಸೆ. ಬದುಕಿನ ಯಾವ ಘಟ್ಟದಲ್ಲಿ ಬೇಕಾದರೂ, ಮತ್ತೆ ಮತ್ತೆ ಇದು ಸಿಗಬೇಕೆಂದು ಆಯೋಗ ಹೇಳಿತ್ತು. ಆದರೆ ಸೇವೆಯ ಬದಲು ಹಣ ಕೊಡುವ ಕಡೆಗಳಲ್ಲಿ ಚಿಕಿತ್ಸೆಯ ಮೊತ್ತವೂ ಅದೇ ಮೂರು ಸಾಲಿನ ಮೇಲೆ ನಿಂತಿದೆ: 5,000, 2,500, 1,250 ಡಾಲರ್. ಮನಸ್ಸು ಎಷ್ಟು ಕುಸಿದಿದೆ ಎಂದು ನೋಡದೆ, ಬಾಲ್ಯದಲ್ಲಿ ದೇಹಕ್ಕೆ ಏನು ಮಾಡಿದರು ಎಂದು ನೋಡಿ ಚಿಕಿತ್ಸೆಯ ಹಣ ನಿರ್ಧಾರವಾಗುತ್ತದೆ. ಇದನ್ನು ಸಮರ್ಥಿಸುವ ಒಂದು ವಾದವೂ ನನಗೆ ಹೊಳೆಯುತ್ತಿಲ್ಲ.

ಕೋಷ್ಟಕದ ಪರವಾಗಿ ಮಾತಾಡುವವರಿಗೆ ಒಂದು ಗಟ್ಟಿ ಕಾರಣವಿದೆ, ಅದನ್ನು ಹೇಳದೆ ಬಿಡಲಾಗದು. ಖಾಸಗಿ ಸಂಸ್ಥೆಗಳನ್ನು ಯೋಜನೆಗೆ ಎಳೆದು ತರುವ ಅಧಿಕಾರ ಕ್ಯಾನ್‌ಬೆರಾದ ಸರ್ಕಾರದ ಬಳಿ ಇರಲಿಲ್ಲ. ರಾಜ್ಯಗಳು ತಮ್ಮ ಅಧಿಕಾರ ಬಿಟ್ಟುಕೊಡಬೇಕಿತ್ತು, ಚರ್ಚುಗಳು, ಶಾಲೆಗಳು, ಸೇವಾಸಂಸ್ಥೆಗಳು ತಾವಾಗಿ ಒಪ್ಪಿ ಸೇರಬೇಕಿತ್ತು. ಹಣ ಕೊಡಬೇಕಾದವರು ಮೊದಲೇ ಮೊತ್ತದ ಅಂದಾಜು ಕೇಳಿದರು, ಸುಲಭದ ಕೋಷ್ಟಕ ಆ ಅಂದಾಜನ್ನು ಕೊಟ್ಟಿತು. ಸೇರಲು ಒಲ್ಲೆನೆಂದವರೂ ಇದ್ದರು. ಯೆಹೋವನ ಸಾಕ್ಷಿಗಳು ಎಂಬ ಪಂಥ 2021ರವರೆಗೆ ಹೊರಗೇ ಉಳಿದಿತ್ತು. ಅಂಥವರ ವಿರುದ್ಧದ ಅರ್ಜಿಗಳು ಅಲ್ಲಿಯವರೆಗೆ ಕಾದವು, ಕಾಯುತ್ತಾ ಅರ್ಜಿದಾರರಿಗೆ ವಯಸ್ಸಾಯಿತು. ಈ ಒಪ್ಪಂದದ ರಾಜಕೀಯ ನನಗೆ ಅರ್ಥವಾಗುತ್ತದೆ. ಆದರೆ ಅದರ ಬೆಲೆ ತೆತ್ತಿದ್ದು ಸಂಸ್ಥೆಗಳಲ್ಲ.

ಹಿಂದೆ ಪಡೆದ ಹಣದ ಕಡಿತವನ್ನೇ ನೋಡಿ. 1990ರ ದಶಕದಲ್ಲಿ ಕ್ಯಾಥೊಲಿಕ್ ಚರ್ಚು ತನ್ನದೇ ಆಂತರಿಕ ವ್ಯವಸ್ಥೆಗಳ ಮೂಲಕ ಹಲವರಿಗೆ ಒಂದಿಷ್ಟು ಹಣ ಕೊಟ್ಟು ಮುಗಿಸಿತ್ತು. ಅದನ್ನು ಈಗಿನ ಪರಿಹಾರದಿಂದ ಕಳೆಯುತ್ತಾರೆ, ಅದೂ ವರ್ಷಕ್ಕೆ ಶೇಕಡ 1.9ರಂತೆ ಬೆಳೆಸಿ. 1998ರಲ್ಲಿ 30,000 ಡಾಲರ್ ಪಡೆದಿದ್ದವರಿಗೆ ಇಪ್ಪತ್ತು ವರ್ಷದ ಮೇಲೆ ಅದು ಸುಮಾರು 43,700 ಆಗಿ ಕಡಿತವಾಗುತ್ತದೆ. ಎರಡನೆಯ ಸಾಲಿನ ಗರಿಷ್ಠ 50,000 ಬಂದರೂ ಕೈಗೆ ಸಿಗುವುದು 6,300. ಅದಕ್ಕಾಗಿ ಬಾಲ್ಯವನ್ನೆಲ್ಲ ಕಾಗದದ ಮೇಲೆ ಮತ್ತೆ ಬಿಚ್ಚಿಡಬೇಕು. ಕೊಟ್ಟ ಹಣಕ್ಕೆ ಬಡ್ಡಿಯ ಹಾಗೆ ಬೆಳೆಯುವ ಲೆಕ್ಕವಿದೆ. ಅಷ್ಟು ವರ್ಷ ಹೊತ್ತ ನೋವಿಗೆ ಅಂಥ ಲೆಕ್ಕವಿಲ್ಲ.

ಅರ್ಜಿಯ ನಮೂನೆಯೂ ಸುಲಭದ್ದಲ್ಲ. ಎಲ್ಲಿ, ಯಾವಾಗ, ಯಾರಿಂದ, ಏನೇನು ಎಂದು ಬರೆಯಬೇಕು, ಆಮೇಲೆ ಬದುಕು ಹೇಗಾಯಿತು ಎಂದೂ ಬರೆಯಬೇಕು. ನ್ಯೂ ಸೌತ್ ವೇಲ್ಸಿನ ಕಿಂಚೆಲಾ ಎಂಬಲ್ಲಿ, ತಾಯಿತಂದೆಯರಿಂದ ಕಿತ್ತು ತಂದ ಮೂಲನಿವಾಸಿ ಹುಡುಗರನ್ನು ಇಟ್ಟಿದ್ದ ಗೃಹವೊಂದಿತ್ತು. ಅಲ್ಲಿ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಪ್ರತಿಯೊಬ್ಬನಿಗೂ ಒಂದು ಸಂಖ್ಯೆ. ಇಂಥ ಗೃಹಗಳಿಂದ ಬಂದವರಿಗೆ ಸರ್ಕಾರಿ ನಮೂನೆ ಎಂದರೆ ಏನೆಂದು ಒಮ್ಮೆ ಯೋಚಿಸಬೇಕು. ನೋಮೋರ್ ಎಂಬ ಉಚಿತ ಕಾನೂನು ನೆರವಿನ ಸಂಸ್ಥೆ ಸರ್ಕಾರದ ಅನುದಾನದಲ್ಲೇ ಇಂಥವರ ಜತೆ ಕೂತು ಅರ್ಜಿ ಬರೆಸುತ್ತದೆ. ಯೋಜನೆಯ ಸುತ್ತ ನಡೆದಿರುವ ಅತ್ಯಂತ ಮಾನವೀಯ ಕೆಲಸ ಇದೇ ಎಂದು ನನ್ನ ಎಣಿಕೆ.

ಆದರೆ ಅರ್ಜಿದಾರರಿಗೆ ಒಂದೇ ಅವಕಾಶ, ಎರಡನೆಯ ಅರ್ಜಿ ಇಲ್ಲ. ತೀರ್ಮಾನ ಸರಿಯಿಲ್ಲ ಎನಿಸಿದರೆ ಯೋಜನೆಯೊಳಗೇ ಮರುಪರಿಶೀಲನೆ ಕೇಳಬಹುದು, ಹೊರಗಿನ ನ್ಯಾಯಮಂಡಳಿಗೆ ಹೋಗುವಂತಿಲ್ಲ. ಮೊತ್ತ ನಿರ್ಧರಿಸುವವರು ಅನುಸರಿಸುವ ವಿವರವಾದ ಮಾರ್ಗಸೂಚಿ ಗೋಪ್ಯ, ಅದನ್ನು ಬಯಲು ಮಾಡುವುದು ಅಪರಾಧ. ಸುಳ್ಳು ಅರ್ಜಿ ಬರಬಾರದು ಎಂಬುದು ಅದಕ್ಕೆ ಕೊಟ್ಟ ಕಾರಣ. ಗುಟ್ಟಿನಿಂದಲೇ ನರಳಿದವರ ಪ್ರಕರಣವನ್ನು ಗುಟ್ಟಿನ ನಿಯಮದಿಂದ ತೀರ್ಮಾನಿಸುವುದು ನನಗಂತೂ ಒಪ್ಪಿಗೆಯಲ್ಲ.

ಹಣ ಒಪ್ಪಿಕೊಳ್ಳುವಾಗ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ಆ ಸಂಸ್ಥೆಯ ಮೇಲೆ ಇನ್ನೆಂದೂ ಸಿವಿಲ್ ದಾವೆ ಹೂಡುವುದಿಲ್ಲ ಎಂಬ ಕರಾರು ಅದು. ಈ ಆಯ್ಕೆ ಮೊದಲಿಗಿಂತ ಈಗ ಹೆಚ್ಚು ಕಠಿಣ. 2015ರಲ್ಲಿ ವಿಕ್ಟೋರಿಯಾ ರಾಜ್ಯ ಇಂಥ ದಾವೆಗಳಿಗಿದ್ದ ಕಾಲಮಿತಿಯನ್ನು ತೆಗೆಯಿತು, ಉಳಿದವೂ ಹಿಂಬಾಲಿಸಿದವು. ಕೋರ್ಟಿನಲ್ಲಿ ಗೆದ್ದವರಿಗೆ ಹತ್ತು ಲಕ್ಷ ಡಾಲರ್ ಮೀರಿದ ಪರಿಹಾರ ಸಿಕ್ಕ ಪ್ರಕರಣಗಳಿವೆ. ಅಪರಾಧಿ ಸತ್ತಿದ್ದಾನೆ, ದಾಖಲೆ ಇಲ್ಲ ಎಂಬ ನೆಪದಲ್ಲಿ ಸಂಸ್ಥೆಗಳು ದಾವೆಯನ್ನೇ ಕೈಬಿಡಿಸಲು ನೋಡಿದಾಗ, ಅದು ತೀರಾ ಅಪರೂಪಕ್ಕೆ ಮಾತ್ರ ಸಲ್ಲುತ್ತದೆ ಎಂದು ಹೈಕೋರ್ಟ್, ಅಂದರೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, 2023ರ ನವೆಂಬರಿನಲ್ಲಿ ಹೇಳಿತು. ಮರುವರ್ಷ ಅದೇ ನ್ಯಾಯಾಲಯ, ಪಾದ್ರಿ ಚರ್ಚಿನ ಉದ್ಯೋಗಿಯಲ್ಲ, ಆದ್ದರಿಂದ ಅವನ ಕೃತ್ಯಕ್ಕೆ ಧರ್ಮಪ್ರಾಂತ್ಯ ತಾನಾಗಿ ಹೊಣೆಯಾಗುವುದಿಲ್ಲ ಎಂದಿತು. ಒಂದು ಬಾಗಿಲು ತೆರೆಯಿತು, ಇನ್ನೊಂದು ಮುಚ್ಚಿತು. ಎಪ್ಪತ್ತು ದಾಟಿದ ಒಬ್ಬರು ಇದರ ನಡುವೆ ಆರು ತಿಂಗಳ ಗಡುವಿನೊಳಗೆ ಸಹಿ ಹಾಕುವುದೋ ಬೇಡವೋ ಎಂದು ತೀರ್ಮಾನಿಸಬೇಕು.

ಮೂರನೆಯ ಅಂಗವೊಂದಿದೆ, ಅದರ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ಸಂತ್ರಸ್ತರು ಬಯಸಿದರೆ ಸಂಸ್ಥೆಯ ಹಿರಿಯರೊಬ್ಬರು ಎದುರು ಕೂತು, ಅಥವಾ ಪತ್ರ ಬರೆದು, ಆದದ್ದನ್ನು ಒಪ್ಪಿ ಕ್ಷಮೆ ಕೇಳಬೇಕು. ಇದನ್ನು ಬಳಸಿಕೊಂಡವರು ಬಹಳ ಕಡಿಮೆ. ಹಣದ ಪ್ರಸ್ತಾಪ ಒಪ್ಪಿದ ಮೇಲೆ ಸಂತ್ರಸ್ತರೇ ಮುಂದಾಗಿ ಕೇಳಬೇಕು ಎಂಬ ಕ್ರಮವೇ ಇದಕ್ಕೆ ಒಂದು ಕಾರಣ ಎಂದು ನನಗನಿಸುತ್ತದೆ. ಬಾಲ್ಯದಲ್ಲಿ ತಮ್ಮ ಬಾಯಿ ಮುಚ್ಚಿಸಿದ ಮನೆಯ ಬಾಗಿಲನ್ನು ಅವರೇ ತಟ್ಟಬೇಕೆ? ತಟ್ಟುವ ಕೆಲಸ ಸಂಸ್ಥೆಯದಾಗಬೇಕಿತ್ತು.

ಕನ್ನಡದ ಓದುಗರಿಗೆ ನಮ್ಮ ಕಡೆಯ ನೆನಪು ಬಂದೇ ಬರುತ್ತದೆ. ನಮ್ಮಲ್ಲಿ ಹಳೆಯ ಸಾಂಸ್ಥಿಕ ದೌರ್ಜನ್ಯಕ್ಕೆಂದೇ ಇಂಥ ಯೋಜನೆ ಇಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಿಗುವ ಪರಿಹಾರಕ್ಕೆ ರಾಷ್ಟ್ರೀಯ ಪ್ರಾಧಿಕಾರ 2018ರಲ್ಲಿ ಮಾಡಿದ ಮಾದರಿಯಲ್ಲೂ ಅಪರಾಧದ ಬಗೆಗೆ ತಕ್ಕ ಪಟ್ಟಿಯೇ ಇದೆ, ಅತ್ಯಾಚಾರಕ್ಕೆ 4 ಲಕ್ಷದಿಂದ 7 ಲಕ್ಷ ರೂಪಾಯಿ ಎಂಬಂತೆ. ಅರ್ಜಿಗೆ ಮೂರು ವರ್ಷದ ಮಿತಿ, ತಕ್ಕ ಕಾರಣವಿದ್ದರೆ ವಿನಾಯಿತಿ. ನಲವತ್ತು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ನಡೆದದ್ದನ್ನು ಇಂದು ಹೇಳಬಯಸುವವರಿಗೆ ಈ ದಾರಿ ಬಹಳ ಕಿರಿದು. ನಾಳೆ ನಮ್ಮಲ್ಲಿ ಯಾರಾದರೂ ದಾರಿ ಅಗಲ ಮಾಡಲು ಹೊರಟರೆ ಆಸ್ಟ್ರೇಲಿಯಾದ ಪುರಾವೆಯ ನಿಯಮವನ್ನು ಎತ್ತಿಕೊಳ್ಳಲಿ, ಕೋಷ್ಟಕವನ್ನು ಅಲ್ಲೇ ಬಿಡಲಿ.

ಅಲ್ಲಿಯೂ ತಿದ್ದಲು ಸಾಧ್ಯವಿದೆ. 2021ರಲ್ಲಿ ರಾಬಿನ್ ಕ್ರಕ್ ನಡೆಸಿದ ಪರಾಮರ್ಶೆ 38 ಶಿಫಾರಸು ಮಾಡಿತು, ಅವುಗಳಲ್ಲಿ ಹಲವು ಜಾರಿಗೆ ಬಂದವು. ವಯಸ್ಸಾದವರಿಗೆ, ಸಾವಿನಂಚಿನಲ್ಲಿರುವವರಿಗೆ 10,000 ಡಾಲರ್ ಮುಂಗಡ ಸಿಗುವಂತಾಯಿತು. 2024ರ ತಿದ್ದುಪಡಿಯ ನಂತರ ಜೈಲಿನಲ್ಲಿರುವವರೂ ಅರ್ಜಿ ಹಾಕಬಹುದು. ಯಾವುದೋ ಸಂಸ್ಥೆ ತಡವಾಗಿ ಯೋಜನೆಗೆ ಸೇರಿದರೆ, ಮುಗಿದ ಅರ್ಜಿಯನ್ನು ಮತ್ತೆ ತೆರೆದು ಲೆಕ್ಕ ಹಾಕುವ ಅವಕಾಶವೂ ಬಂದಿದೆ. ಒಂದು ಕಾರಣಕ್ಕೆ ಕಡತ ಮತ್ತೆ ತೆರೆಯಬಹುದಾದರೆ, ಅಳತೆ ತಪ್ಪಿತ್ತು ಎಂಬ ಕಾರಣಕ್ಕೂ ತೆರೆಯಬಹುದು. ಆಯೋಗದ ನೂರು ಅಂಕಗಳ ಪದ್ಧತಿ 2015ರಿಂದಲೂ ಸಿದ್ಧವಿದೆ. ಅದನ್ನು ಜಾರಿ ಮಾಡಿ, ಎರಡನೆಯ ಮತ್ತು ಮೂರನೆಯ ಸಾಲಿಗೆ ಹಾಕಿದವರ ಮೊತ್ತವನ್ನು ಅವರು ಮತ್ತೆ ಅರ್ಜಿ ಬರೆಯದ ಹಾಗೆ, ಕಡತದಲ್ಲಿ ಇರುವುದನ್ನೇ ಓದಿ ಸರಿಪಡಿಸಬೇಕು. ಯೋಜನೆಯ ಅವಧಿ 2028ರ ಜೂನ್ 30ಕ್ಕೆ ಮುಗಿಯುತ್ತದೆ, ಅರ್ಜಿ ಹಾಕಲು ಅದಕ್ಕೆ ಒಂದು ವರ್ಷ ಮೊದಲೇ ಗಡುವು. ಕೆಲಸ ಆಗಬೇಕಾದದ್ದು ಅದರೊಳಗೆ.