‘ಬ್ಲಾಕ್’ ಎಂಬ ಒಂದೇ ಮಾತಿಗೆ ಎರಡು ರೋಗ

ಹೃದಯದ ಬಗ್ಗೆ ಕನ್ನಡದಲ್ಲಿ ಬರುವ ಜನಪ್ರಿಯ ಲೇಖನಗಳನ್ನೂ ಶಾಲೆಯ ಗೋಡೆಯ ಚಿತ್ರಪಟಗಳನ್ನೂ ಆರೋಗ್ಯ ಶಿಬಿರಗಳ ಫಲಕಗಳನ್ನೂ ಒಟ್ಟಿಗೆ ಇಟ್ಟು ನೋಡಿ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಚಿತ್ರ: ಒಂದು ಕೊಳವೆ, ಅದರೊಳಗೆ ಹಳದಿ ಕೊಬ್ಬಿನ ಗಡ್ಡೆ, ಆ ಗಡ್ಡೆಯನ್ನು ಬದಿಗೊತ್ತುವ ಬಲೂನು, ಕೊನೆಗೆ ಜಾಲರಿಯಂಥ ಸ್ಟೆಂಟ್ ಕೂತು ರಕ್ತ ಸರಾಗವಾಗಿ ಹರಿಯುವ ಕೊಳವೆ. ಈ ಚಿತ್ರ ಸುಳ್ಳಲ್ಲ. ಆದರೆ ಅದು ಬಿಟ್ಟುಬಿಟ್ಟಿರುವ ಸಂಗತಿಗಳು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಂಥ ಕಡೆ ಇರುವವರಿಗೆ ಚಿತ್ರಕ್ಕಿಂತ ಹೆಚ್ಚು ಬೇಕಾದವು. ಆ ಲೋಪವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ತಂತ್ರದ ಹಿರಿಮೆಯ ಬಗ್ಗೆ ತಕರಾರಿಲ್ಲ. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ಅಭಿಧಮನಿಯ ಮೂಲಕ ಮೂತ್ರದ ಕೆಥೆಟರನ್ನು ತನ್ನದೇ ಹೃದಯಕ್ಕೆ ತೂರಿಸಿ ಎಕ್ಸ್‌–ರೇ ತೆಗೆಸಿಕೊಂಡ. 1977ರ ಸೆಪ್ಟೆಂಬರ್‌ನಲ್ಲಿ ಜೂರಿಚ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಎಚ್ಚರವಾಗಿದ್ದ ರೋಗಿಯ ಕರೋನರಿ ಅಪಧಮನಿಯನ್ನು ಬಲೂನಿನಿಂದ ಹಿಗ್ಗಿಸಿದ. 1986ರಲ್ಲಿ ಸ್ಟೆಂಟ್ ಬಂತು. ನಮ್ಮಲ್ಲಿ 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿ, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ನಿಗದಿ ಮಾಡಿತು. ಒಳ್ಳೆಯದೇ ಆಯಿತು. ಆದರೆ ಸ್ಟೆಂಟ್ ಯಾರಿಗೆ ಬೇಕು ಎಂಬ ಪ್ರಶ್ನೆ ಬೆಲೆ ಇಳಿದ ಮಾತ್ರಕ್ಕೆ ತೀರುವುದಿಲ್ಲ.

ಮೊದಲು ಭೌತವಿಜ್ಞಾನದ ಅಧ್ಯಾಪಕರಿಗೆ ಒಂದು ಮಾತು. ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂಬ ಪ್ವಾಸೇಯ ನಿಯಮವನ್ನು ಹೇಳಿ, ‘ನಾಳ ಅರ್ಧ ಕಿರಿದಾದರೆ ರಕ್ತ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ’ ಎಂದು ತರಗತಿಯಲ್ಲಿ ವಿವರಿಸುವುದುಂಟು. ಕೇಳಲು ಸೊಗಸು, ಹೃದಯಕ್ಕೆ ಅನ್ವಯಿಸಿದರೆ ತಪ್ಪು. ಒಂದನೆಯದಾಗಿ, ನಾಳದ ಉದ್ದಕ್ಕೂ ಕಿರಿದಾಗಿರುವುದಿಲ್ಲ, ಒಂದು ಗೇಣಿಗಿಂತ ಎಷ್ಟೋ ಕಡಿಮೆ ಜಾಗದಲ್ಲಿ ಮಾತ್ರ ಕಿರಿದಾಗಿರುತ್ತದೆ. ಎರಡನೆಯದಾಗಿ, ಹರಿವಿಗೆ ಮುಖ್ಯ ತಡೆ ಇರುವುದು ದೊಡ್ಡ ನಾಳದಲ್ಲಲ್ಲ, ಅದರ ಕೆಳಗಿನ ಕಿರುಧಮನಿಗಳಲ್ಲಿ. ಮೇಲೆ ಕಿರಿದಾದಷ್ಟೂ ಇವು ಹಿಗ್ಗಿ ಸರಿದೂಗಿಸುತ್ತವೆ. ಅಮೆರಿಕದ ಲ್ಯಾನ್ಸ್ ಗೂಲ್ಡ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ನಾಯಿಗಳ ಮೇಲಿನ ಪ್ರಯೋಗದಲ್ಲಿ, ವ್ಯಾಸ ಶೇ. 85ರಷ್ಟು ಕುಗ್ಗುವವರೆಗೂ ವಿಶ್ರಾಂತಿಯಲ್ಲಿನ ಹರಿವು ಹೆಚ್ಚೇನೂ ಇಳಿಯಲಿಲ್ಲ. ಇಳಿದದ್ದು ಹರಿವನ್ನು ಹೆಚ್ಚಿಸಿಕೊಳ್ಳುವ ಶಕ್ತಿ, ಅದೂ ಶೇ. 50ರ ಸುಮಾರಿನಿಂದ.

ವಿಶ್ವೇಶ್ವರಯ್ಯ ನಾಲೆಯ ಬಯಲಿನ ಮಕ್ಕಳಿಗೆ ಇದನ್ನು ಹೇಳುವುದು ಕಷ್ಟವಲ್ಲ. ಉಪನಾಲೆಯಲ್ಲಿ ಒಂದು ಕಡೆ ಹೂಳು ತುಂಬಿದರೆ ಕೆಳಗಿನ ತೂಬನ್ನು ಇನ್ನಷ್ಟು ಎತ್ತುತ್ತಾರೆ, ಗದ್ದೆಗೆ ನೀರು ಮೊದಲಿನಷ್ಟೇ ಬರುತ್ತದೆ. ನಾಟಿಯ ಕಾಲಕ್ಕೆ ಎಲ್ಲರಿಗೂ ಒಟ್ಟಿಗೆ ನೀರು ಬೇಕಾದಾಗ ಎತ್ತಲು ತೂಬು ಉಳಿದಿರುವುದಿಲ್ಲ. ಕೊರತೆ ಆಗ ಗೊತ್ತಾಗುತ್ತದೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದು, ನಿಂತರೆ ಬಿಡುವ ನೋವು ಇಂಥದು. ಇದು ಮೊದಲನೆಯ ರೋಗ.

ಎರಡನೆಯದು ಬೇರೆ. ಅಲ್ಲಿ ಏರಿ ಕುಸಿದು ನಾಲೆಗೆ ಬೀಳುತ್ತದೆ. ನಾಳದ ಗೋಡೆಯೊಳಗಿನ ಕೊಬ್ಬಿನ ಶೇಖರಣೆಯ ಮೇಲಿನ ತೆಳು ಪೊರೆ ಹರಿಯುತ್ತದೆ, ಒಳಗಿನದು ರಕ್ತಕ್ಕೆ ತಾಗುತ್ತದೆ, ನಿಮಿಷಗಳಲ್ಲಿ ಹೆಪ್ಪು ಕಟ್ಟಿ ನಾಳ ಪೂರ್ತಿ ಮುಚ್ಚುತ್ತದೆ. ಹೀಗೆ ಹರಿಯುವ ಶೇಖರಣೆ ಅದಕ್ಕೆ ಮೊದಲು ನಾಳವನ್ನು ತೀರಾ ಕಿರಿದು ಮಾಡಿರಲೇಬೇಕೆಂದಿಲ್ಲ. ಎಷ್ಟೋ ಸಲ ಮಾಡಿರುವುದಿಲ್ಲ. ಹಿಂದಿನ ವಾರ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ‘ನಾರ್ಮಲ್’ ಎನಿಸಿಕೊಂಡವರಿಗೂ ಹೃದಯಾಘಾತ ಆಗುವುದು ಇದರಿಂದಲೇ. ಗೋಡೆಯ ರೋಗವನ್ನು ಕೊಳವೆಯ ರೋಗವಾಗಿ ತೋರಿಸುವ ಚಿತ್ರಪಟ ಇದನ್ನು ವಿವರಿಸಲಾರದು.

ಎರಡಕ್ಕೂ ನಾವು ‘ಬ್ಲಾಕ್’ ಎನ್ನುತ್ತೇವೆ. ಎರಡಕ್ಕೂ ‘ಸ್ಟಂಟ್ ಹಾಕಿಸಿದರು’ ಎನ್ನುತ್ತೇವೆ. ಫಲ ಒಂದೇ ಅಲ್ಲ. ಹೃದಯಾಘಾತದಲ್ಲಿ ಕೂಡಲೇ ನಾಳ ತೆರೆದರೆ ಜೀವ ಉಳಿಯುತ್ತದೆ, ಇದರಲ್ಲಿ ಸಂದೇಹವಿಲ್ಲ. ಮೊದಲನೆಯ ರೋಗದಲ್ಲಿ ಹಾಗಲ್ಲ. 2007ರ ‘ಕರೇಜ್’ ಅಧ್ಯಯನದಲ್ಲೂ, 5,179 ರೋಗಿಗಳನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದಲ್ಲೂ, ಒಳ್ಳೆಯ ಔಷಧ ಚಿಕಿತ್ಸೆಯ ಜೊತೆಗೆ ಸ್ಟೆಂಟ್ ಮುಂತಾದವನ್ನು ಸೇರಿಸಿದ್ದರಿಂದ ಸಾವಾಗಲಿ ಒಟ್ಟು ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ. ಎದೆನೋವು ಇದ್ದವರಿಗೆ ನೋವು ತಗ್ಗಿತು. ಅದು ಸಣ್ಣ ಲಾಭವಲ್ಲ. 2023ರ ‘ಆರ್ಬಿಟಾ–2’ ಅಧ್ಯಯನ ಹುಸಿ ಚಿಕಿತ್ಸೆಯೊಂದಿಗೆ ಹೋಲಿಸಿಯೇ ಅದನ್ನು ತೋರಿಸಿತು. ಎಡ ಮುಖ್ಯ ಧಮನಿಯ ರೋಗ, ತೀರ ದುರ್ಬಲ ಹೃದಯ ಇರುವವರು ‘ಇಸ್ಕೀಮಿಯಾ’ದಲ್ಲಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ಅಂಥವರ ಲೆಕ್ಕ ಬೇರೆ.

ಈ ಗೊಂದಲ ಬರಿಯ ಪಾಂಡಿತ್ಯದ ವಿಷಯವಲ್ಲ ಎಂಬುದು 2025ರಲ್ಲಿ ಕಂಡಿತು. ಕೆ.ಆರ್. ಪೇಟೆ, ನಾಗಮಂಗಲಗಳ ಪಕ್ಕದ ಹಾಸನ ಜಿಲ್ಲೆಯಲ್ಲಿ ಹಠಾತ್ ಸಾವುಗಳ ಸುದ್ದಿ ಸಾಲಾಗಿ ಬಂದಾಗ, ಜುಲೈನಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಜನ ಸಾಲುಗಟ್ಟಿದರು. ಸಾವುಗಳು ಹಿಂದಿಗಿಂತ ಅಸಹಜವಾಗಿ ಹೆಚ್ಚಿಲ್ಲ ಎಂದು ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆಮೇಲೆ ತಿಳಿಸಿತು. ಸಾಲಿನಲ್ಲಿ ನಿಂತವರನ್ನು ದೂರುವಂತಿಲ್ಲ. ‘ಒಳಗೆ ಬ್ಲಾಕ್ ಇದೆಯೋ ನೋಡಿಸಿಕೊಂಡುಬಿಡಿ’ ಎಂದು ವರ್ಷಗಟ್ಟಲೆ ಕಲಿಸಿದ್ದು ನಮ್ಮಂಥ ಪತ್ರಿಕೆಗಳು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ, ಬೀಡಿ ಬಿಟ್ಟರೆ ಗೋಡೆಯ ರೋಗ ತಗ್ಗುತ್ತದೆ ಎಂಬುದಕ್ಕೆ ಚಿತ್ರಪಟದಲ್ಲಿ ಜಾಗವಿರಲಿಲ್ಲ.

ಇನ್ನು ದೂರದ ಮಾತು. ಹೃದಯಾಘಾತ ಎಂದು ಇ.ಸಿ.ಜಿ.ಯಲ್ಲಿ ಖಚಿತವಾದ ಮೇಲೆ ಸುಮಾರು 120 ನಿಮಿಷದೊಳಗೆ ಕೆಥೆಟರ್ ಪ್ರಯೋಗಾಲಯದಲ್ಲಿ ನಾಳ ತೆರೆಯಲು ಆಗುವಂತಿದ್ದರೆ ಅದೇ ಉತ್ತಮ. ಆಗದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಇದ್ದಲ್ಲೇ, ಕೂಡಲೇ ಕೊಡಬೇಕು. ಶ್ರೀರಂಗಪಟ್ಟಣದಿಂದ ಮೈಸೂರು 15 ಕಿ.ಮೀ. ಆಸುಪಾಸು, ಅಲ್ಲಿನವರಿಗೆ ನೇರ ಹೋಗುವುದು ಸಾಧ್ಯ. ಪಾಂಡವಪುರ ಪೇಟೆಯವರಿಗೂ ಆದೀತು, ಮೇಲುಕೋಟೆ ಕಡೆಯವರು ಯೋಚಿಸಬೇಕು. ಕೆ.ಆರ್. ಪೇಟೆ, ನಾಗಮಂಗಲಗಳು ಮೈಸೂರಿಗೆ 50 ಕಿ.ಮೀ.ಗಿಂತ ದೂರ. ಕಿಕ್ಕೇರಿಯಲ್ಲೋ ಬಿಂಡಿಗನವಿಲೆಯಲ್ಲೋ ರಾತ್ರಿ ಎದೆನೋವು ಬಂದು, ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಒಂದು ತಾಸು ಕಳೆದು, ವಾಹನ ಹೊಂದಿಸಿ, ತಾಲ್ಲೂಕು ಆಸ್ಪತ್ರೆಯನ್ನು ದಾಟಿ ‘ದೊಡ್ಡ ಆಸ್ಪತ್ರೆಗೇ ಹೋಗೋಣ’ ಎಂದು ಹೊರಟರೆ, ಅಷ್ಟು ಹೊತ್ತೂ ಸ್ನಾಯು ಸಾಯುತ್ತಿರುತ್ತದೆ. ಸ್ಟೆಂಟ್ ಒಂದೇ ಮದ್ದು ಎಂಬ ಚಿತ್ರ ಮನಸ್ಸಿನಲ್ಲಿ ಕೂತವರು ಇನ್ನೇನು ಮಾಡಿಯಾರು?

ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ತರ್ಕ ಇದೇ: ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ., ಅದನ್ನು ಓದಲು ದೂರದ ಕೇಂದ್ರದ ತಜ್ಞರು, ಅಗತ್ಯವಿದ್ದರೆ ಸ್ಥಳದಲ್ಲೇ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಇದನ್ನು ವಿಸ್ತರಿಸುವುದಾಗಿ 2025ರಲ್ಲಿ ಪ್ರಕಟಿಸಲಾಯಿತು. ತರ್ಕ ಸರಿಯಾದದ್ದು. ಆದರೆ ಇದರ ಬಗ್ಗೆ ಬಂದ ಬರಹಗಳಲ್ಲೂ ಅರ್ಧ ಕಥೆಯೇ ಇದೆ. ಚುಚ್ಚುಮದ್ದಿನಿಂದ ಎಲ್ಲರ ಹೆಪ್ಪೂ ಕರಗುವುದಿಲ್ಲ. 2013ರಲ್ಲಿ ಪ್ರಕಟವಾದ ‘ಸ್ಟ್ರೀಮ್’ ಅಧ್ಯಯನದಲ್ಲಿ ಟೆನೆಕ್ಟೆಪ್ಲೇಸ್ ಪಡೆದವರ ಒಟ್ಟು ಫಲಿತಾಂಶ ನೇರ ಸ್ಟೆಂಟ್ ಪಡೆದವರದಕ್ಕಿಂತ ಕಡಿಮೆಯೇನೂ ಇರಲಿಲ್ಲ, ನಿಜ, ಆದರೆ ಶೇ. 36ರಷ್ಟು ಜನರಿಗೆ ತುರ್ತು ಕೆಥೆಟರ್ ಪ್ರಕ್ರಿಯೆ ಬೇಕಾಯಿತು. ಮಿದುಳಿನ ರಕ್ತಸ್ರಾವ ತುಸು ಹೆಚ್ಚು ಕಂಡದ್ದರಿಂದ, 75 ದಾಟಿದವರಿಗೆ ನಡುವೆಯೇ ಪ್ರಮಾಣವನ್ನು ಅರ್ಧಕ್ಕೆ ಇಳಿಸಲಾಯಿತು. ಮದ್ದು ಫಲಿಸಿದವರಿಗೂ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. ಹಾಗಾಗಿ ನಾಗಮಂಗಲದಲ್ಲಿ ಚುಚ್ಚುಮದ್ದು ಕೊಟ್ಟ ಕೂಡಲೇ ಆಂಬುಲೆನ್ಸ್ ಹೊರಡಬೇಕು. ನೋವು ಕಡಿಮೆಯಾಯಿತೆಂದು ಮನೆಯವರು ‘ಬೆಳಿಗ್ಗೆ ಹೋದರಾಯಿತು’ ಎಂದರೆ, ತೆರೆದ ನಾಳ ಮತ್ತೆ ಮುಚ್ಚುವ ಅಪಾಯ ಇದ್ದೇ ಇದೆ.