ಹಿತ್ತಲ ಬಾಗಿಲು ಎಲ್ಲಿ?

ಗೆಳೆಯನೊಬ್ಬ ಮದ್ದೂರಿನ ಹತ್ತಿರ, ಎಕ್ಸ್‌ಪ್ರೆಸ್‌ವೇಯಿಂದ ಸ್ವಲ್ಪ ಒಳಗಿರೋ ಒಂದು ‘ಗಾರ್ಡನ್ ಕಮ್ಯುನಿಟಿ’ಯಲ್ಲಿ ವಿಲ್ಲಾ ತಗೊಂಡ. ಹೊಸದಲ್ಲ, ರೀಸೇಲ್. ಒಂಬತ್ತು ತಿಂಗಳು ರಿನೋವೇಶನ್ ಮಾಡಿಸಿದ. ಮುಗಿದ ಮೇಲೆ ಗಣಹೋಮ ಇಟ್ಕೊಂಡು ಊಟಕ್ಕೆ ಕರೆದ. ನಮ್ಮೂರು ಅಲ್ಲಿಂದ ಮಳವಳ್ಳಿ ಕಡೆಗೆ ಅರ್ಧ ಗಂಟೆ ದಾರಿ. ಹಾಗಾಗಿ ಅಮ್ಮನನ್ನೂ ಕರ್ಕೊಂಡು ಹೋದೆ.

ಅಮ್ಮ ಇಡೀ ಮನೆ ಸುತ್ತಿ ನೋಡಿದರು. ಅಡುಗೆಮನೆ ಕಪಾಟುಗಳನ್ನು ಒಂದೊಂದಾಗಿ ಎಳೆದು ನೋಡಿದರು. ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದರು: “ಎಲ್ಲಾ ಚೆಂದಾಗದೆ ಮಗ. ಹಿತ್ಲು ಬಾಕ್ಲು ಎಲ್ಲಿ ಮಡಗವ್ರೆ?”

ನಕ್ಕು ಸುಮ್ಮನಾದೆ. ಆದರೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಪ್ರಶ್ನೆ ತಲೆಯಲ್ಲೇ ಕೂತಿತ್ತು. ನಾನಿಲ್ಲಿ ಸಾಮಾನ್ಯವಾಗಿ ಸಿನಿಮಾ ಬಗ್ಗೆ ಬರೆಯೋನು. ಆದರೆ ಮನೆಗೂ ವಿಮರ್ಶೆ ಬರೀಬಹುದಲ್ವಾ? ಯಾರೋ ಒಂದು ಉದ್ದೇಶ ಇಟ್ಕೊಂಡು, ದುಡ್ಡು ಸುರಿದು, ನಮಗೆ ತೋರಿಸ್ತಾರೆ. ಅದು ನಿಂತಿದೆಯಾ, ಬಿದ್ದಿದೆಯಾ ಅಂತ ಹೇಳೋದು ತಪ್ಪಲ್ಲ. ಗೆಳೆಯನಿಗೆ ಓದಿಸಿಯೇ ಇದನ್ನು ಹಾಕ್ತಿದೀನಿ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ಮೆಟ್ಟಿಲುಗಳ ಎತ್ತರ ಕಡಿಮೆ ಮಾಡಿಸಿದಾನೆ. ಅವನ ಅಪ್ಪನಿಗೆ ಮಂಡಿನೋವು. ಬಾತ್‌ರೂಮಿನಲ್ಲಿ ಹಿಡ್ಕೊಳ್ಳೋಕೆ ಕಂಬಿ ಇದೆ. ಇಟಾಲಿಯನ್ ಮಾರ್ಬಲ್ ಬಿಟ್ಟು ರೆಡ್ ಆಕ್ಸೈಡ್ ನೆಲ ಮಾಡಿಸಿದಾನೆ. ಆ ಕೆಲಸ ಬಲ್ಲ ಗಾರೆಯವರನ್ನು ಹುಡುಕೋದೇ ಕಷ್ಟ, ಹುಡುಕಿದಾನೆ. ನೆಲ ಕನ್ನಡಿ ಥರ ಇದೆ, ಕಾಲಿಗೆ ತಣ್ಣಗಿದೆ.

ಮನೆಯ ಹೀರೋ ಮಾತ್ರ ನಡುವಿನ ತೊಟ್ಟಿ. ಡಿಸೈನರ್ ಅದನ್ನು ‘ಕೋರ್ಟ್‌ಯಾರ್ಡ್ ಎಕ್ಸ್‌ಪೀರಿಯನ್ಸ್’ ಅಂದರಂತೆ. ನಾಲ್ಕು ಕಂಬ, ನಡುವೆ ಹಿತ್ತಾಳೆ ಉರುಳಿ, ಅದರಲ್ಲಿ ಹೂವಿನ ಎಸಳು. ಮೇಲೆ ನೋಡಿದರೆ ಟಫನ್ಡ್ ಗ್ಲಾಸ್, ಪೂರ್ತಿ ಸೀಲ್ ಮಾಡಿದಾರೆ.

ನಾನು ಹುಟ್ಟಿದ್ದು ತೊಟ್ಟಿಮನೆಯಲ್ಲಿ. ತೊಟ್ಟಿ ಅಂದರೆ ಅಲಂಕಾರ ಅಲ್ಲ, ಮನೆ ಉಸಿರಾಡೋ ಮೂಗು. ಬಿಸಿಗಾಳಿ ಮೇಲಕ್ಕೆ ಹೋಗುತ್ತೆ, ಆ ಜಾಗಕ್ಕೆ ಜಗಲಿ ಕಡೆಯಿಂದ ತಂಪುಗಾಳಿ ಬರುತ್ತೆ. ನಾಲ್ಕೂ ಸೂರಿನ ನೀರು ಒಳಗೇ ಬೀಳುತ್ತೆ, ಹಂಡೆ ಇಟ್ಟು ಹಿಡೀತಿದ್ವಿ. ಮೇಲೆ ಗಾಜು ಮುಚ್ಚಿದ ಕೂಡಲೇ ಆಟ ಉಲ್ಟಾ ಆಗುತ್ತೆ. ಬಿಸಿಲು ಒಳಗೆ ಬರುತ್ತೆ, ಬಿಸಿ ಹೊರಗೆ ಹೋಗಲ್ಲ. ಹಾಗಾಗಿ ಗೆಳೆಯನ ತೊಟ್ಟಿಗೆ ಎರಡು ಟನ್ನಿನ ಏಸಿ ಇದೆ. ಗಾಳಿ ಆಡಲಿ ಅಂತ ನಮ್ಮ ಹಿರಿಯರು ತೆಗೆದ ಜಾಗವನ್ನು ಕರೆಂಟು ಸುಟ್ಟು ತಂಪು ಮಾಡಬೇಕಾಗಿದೆ.

ಆ ನಾಲ್ಕು ಕಂಬಗಳ ವಿಷಯಕ್ಕೆ ಬರೋಣ. ತೇಗದ ಮರದವು, ಬೋದಿಗೆಯಲ್ಲಿ ಹೂವಿನ ಕೆತ್ತನೆ. ಕಾರೈಕುಡಿಯ ಹಳೇ ಸಾಮಾನಿನ ಮಾರ್ಕೆಟ್ಟಿಂದ ತರಿಸಿದ್ದು ಅಂತ ಹೆಮ್ಮೆಯಿಂದ ಹೇಳಿದ. ತಲೆ ಎತ್ತಿ ನೋಡಿದೆ. ಬೋದಿಗೆಗೂ ಸೀಲಿಂಗಿಗೂ ನಡುವೆ ಒಂದು ಬೆರಳು ಸಂದು. ಕಂಬ ಏನನ್ನೂ ಹೊತ್ತಿಲ್ಲ, ಕ್ಲಾಂಪ್ ಹಾಕಿ ನಿಲ್ಲಿಸಿದಾರೆ. ಭಾರ ಹೊರ್ತಿರೋದು ಗೋಡೆಯೊಳಗಿನ ಕಾಂಕ್ರೀಟ್ ಪಿಲ್ಲರ್. ಹಳೇ ಕಂಬಕ್ಕೆ ಒಂದು ಕೆಲಸ ಕೊಡಿ ಅನ್ನೋದಷ್ಟೇ ನನ್ನ ತಕರಾರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹೆರಿಟೇಜ್ ವಿಲೇಜ್ ಕಟ್ಟುವಾಗ ಹಳೇ ಮನೆಗಳನ್ನು ಬಿಚ್ಚಿ, ತಂದು, ಮತ್ತೆ ಮನೆಯಾಗಿಯೇ ಜೋಡಿಸಿದರು. ಅಲ್ಲಿ ಕಂಬ ಇವತ್ತಿಗೂ ಕಂಬವೇ.

ಇಲ್ಲಿ ನನ್ನ ಬಣ್ಣವೂ ಬಯಲಾಗಬೇಕು. ಐದು ವರ್ಷದ ಹಿಂದೆ ನಮ್ಮ ತೊಟ್ಟಿಮನೆಯ ಎಂಟು ಕಂಬಗಳನ್ನು ಚಿಕ್ಕಪ್ಪ ಒಬ್ಬ ವ್ಯಾಪಾರಿಗೆ ಮಾರಿದರು. ಹೆಂಚು ಸೋರ್ತಿತ್ತು, ರಿಪೇರಿಗೆ ಯಾರೂ ದುಡ್ಡು ಹಾಕಲಿಲ್ಲ. ಚಿಕ್ಕಪ್ಪ ಫೋನ್ ಮಾಡಿ ನನ್ನನ್ನೂ ಕೇಳಿದ್ದರು. ನಾನು ಮೀಟಿಂಗಿನಲ್ಲಿದ್ದೆ. “ನಿಮ್ಗೆ ಹೆಂಗ್ ಅನ್ಸುತ್ತೋ ಹಂಗ್ ಮಾಡಿ ಚಿಕ್ಕಪ್ಪ” ಅಂದು ಕಟ್ ಮಾಡಿದೆ. ನನ್ನ ಪಾಲಿನ ದುಡ್ಡು ಯುಪಿಐನಲ್ಲಿ ಬಂತು. ನಮ್ಮ ಕಂಬಗಳು ಈಗ ಯಾವ ಊರಿನ ಯಾವ ವಿಲ್ಲಾದಲ್ಲಿ ಏನೂ ಹೊರದೆ ನಿಂತಿವೆಯೋ!

ಇದನ್ನೆಲ್ಲ ಹೇಳಿದಾಗ ಗೆಳೆಯ ಒಂದೇ ಮಾತು ಅಂದ: “ಮಗಾ, ನಾನು ತಗೊಂಡಿಲ್ಲ ಅಂದಿದ್ರೆ ಈ ಕಂಬ ಯಾವ್ದೋ ಹೋಟ್ಲಿಗೆ ಸೌದೆ ಆಗಿರ್ತಿತ್ತು.” ನಿಜ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಗಾರ್ಡನ್ ಬಗ್ಗೆ ಮಾತ್ರ ಉತ್ತರ ಇದೆ. ಮೊದಲಿದ್ದ ಓನರ್ ಹಾಕಿದ್ದ ನುಗ್ಗೆ, ಸೀಬೆ, ಒಂದು ಸಂಪಿಗೆ ಎಲ್ಲ ಹೋಗಿ ಅಲ್ಲೀಗ ಸುಮಾರು 1500 ಚದರಡಿ ಲಾನ್ ಇದೆ. ಲೆಕ್ಕ ಮಾಡಿ. 1500 ಚದರಡಿ ಅಂದರೆ ಹತ್ತಿರ ಹತ್ತಿರ 140 ಚದರ ಮೀಟರ್. ಒಂದು ಚದರ ಮೀಟರಿಗೆ 1 ಮಿ.ಮೀ. ನೀರು ಅಂದರೆ 1 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಅಂತ ಇಟ್ಕೊಂಡರೂ 700 ಲೀಟರ್ ಆಯ್ತು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರದ ಮಾನದಂಡ. ಅಂದರೆ ಐದು ಜನರ ಪಾಲು ಹುಲ್ಲಿಗೆ, ಅದೂ ಬೋರ್‌ವೆಲ್ಲಿಂದ.

ಅದೇ ಮನೆಯ ಚಾವಣಿ 2000 ಚದರಡಿ. ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಆ ಚಾವಣಿ ಮೇಲೆ ವರ್ಷಕ್ಕೆ ಬೀಳೋ ನೀರು 1.3 ಲಕ್ಷ ಲೀಟರ್. ಎಲ್ಲ ಪೈಪಿನಲ್ಲಿ ಇಳಿದು ಮೋರಿಗೆ ಹೋಗ್ತಿದೆ. ಒಂಬತ್ತು ತಿಂಗಳ ರಿನೋವೇಶನ್ನಿನಲ್ಲಿ ಒಂದು ಸಂಪು ತೋಡಿಸಿದ್ದರೆ ಅರ್ಧದಷ್ಟಾದರೂ ಉಳೀತಿತ್ತು.

ಇದು ಬೇರೆ ಯಾವುದೋ ಜಿಲ್ಲೆ ಆಗಿದ್ದರೆ ಇಷ್ಟು ಉರೀತಿರಲಿಲ್ಲ. ಬೆಂಗಳೂರು ಕುಡಿಯೋ ಕಾವೇರಿ ಹೊರಡೋದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. 1974ರಿಂದ ಅಲ್ಲಿಂದ ಎತ್ತಿ, ಹಾರೋಹಳ್ಳಿಯಲ್ಲಿ ಎತ್ತಿ, ತಾತಗುಣಿಯಲ್ಲಿ ಮತ್ತೆ ಎತ್ತಿ, ನೂರು ಕಿಲೋಮೀಟರ್ ದೂರ ತಳ್ತಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಶುರುವಾಯ್ತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಅದಕ್ಕೂ ಹಿಂದಿನ ವರ್ಷ ಮಳೆ ಕೈಕೊಟ್ಟಾಗ ಇದೇ ಮಂಡ್ಯದವರು ನೀರಿಗಾಗಿ ರಸ್ತೆ ಮೇಲೆ ಕೂತಿದ್ದರು. ನದಿ ನೀರು ನಗರಕ್ಕೆ ಹೋಯ್ತು. ಈಗ ನಗರದವರು ಬಂದು ನೆಲದೊಳಗಿನ ನೀರನ್ನೂ ಹುಲ್ಲಿಗೆ ಬಿಡ್ತಿದೀವಿ. ‘ದೀವಿ’ ಅಂದೆ, ಗಮನಿಸಿ. ನಾನೂ ಈಗ ನಗರದವನೇ.

ಹಾಗಂತ ಹಳೇದೆಲ್ಲ ಚಿನ್ನ ಅಂತ ಹೇಳ್ತಿಲ್ಲ. ಮನೆಗೆ ಬಂದು ತೊಟ್ಟಿಯ ಬಗ್ಗೆ ಭಾಷಣ ಶುರು ಮಾಡಿದಾಗ ಅಮ್ಮ ತಡೆದರು. “ಸುಮ್ನಿರು ಕಂಡಿದೀನಿ. ಮಳೆ ಬಂದ್ರೆ ಒಳೀಕೆಲ್ಲ ಎರಚ್ಲು. ಸಗಣಿ ಹಾಕಿ ಸಾರಿಸ್ದೋಳು ನಾನು, ಹೊಗೇಲಿ ಕಣ್ಣು ಕಳ್ಕೊಂಡೋಳು ನಾನು. ಮುಟ್ಟಾದ್ರೆ ಆಚೇಲಿ ಮಲಗ್ತಿದ್ದೋಳೂ ನಾನೇಯ. ನೀನು ಬರೀ ಆಟ ಆಡ್ದೆ.”

“ಮತ್ತೆ ಹಿತ್ಲು ಬಾಗ್ಲು ಯಾಕೆ ಕೇಳ್ದೆ?” ಅಂದೆ.

“ಪಾತ್ರೆ ತೊಳ್ದಿದ್ ನೀರು ಎಲ್ಲಿಗ್ ಓಯ್ತದೆ ಅಂತ ಕೇಳ್ದೆ ಕಣಪ್ಪ.”

ಅಷ್ಟೇ. ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಬಾಳೆ ಬುಡಕ್ಕೆ, ಮುಸುರೆ ಎಮ್ಮೆಗೆ, ಬೂದಿ ಪಾತ್ರೆಗೆ, ಪಾತ್ರೆ ತೊಳೆದ ನೀರು ಕರಿಬೇವಿಗೆ ಹೋಗ್ತಿತ್ತು. ಮನೆ ತನ್ನ ಕೊಳೆಯ ಲೆಕ್ಕ ತಾನೇ ಇಟ್ಕೊಳ್ತಿದ್ದ ಜಾಗ ಅದು. ಗಾರ್ಡನ್ ಇರೋದು ಮುಂದೆ, ನೋಡೋರಿಗೆ. ಗೆಳೆಯನ ಕಮ್ಯುನಿಟಿಯಲ್ಲಿ ಮನೆ ಮುಂದೆ ತರಕಾರಿ ಬೆಳೆಯೋ ಹಾಗಿಲ್ಲ, ಬಟ್ಟೆ ಒಣಹಾಕೋ ಹಾಗಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಇದೆ. ಇಲ್ಲಿ ಹಿತ್ತಲೇ ಇಲ್ಲ.

ನಿಜವಾದ ಗಾರ್ಡನ್ ಕಮ್ಯುನಿಟಿ ನೋಡಬೇಕಾ? ಅದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಫೆಬ್ರವರಿಯಲ್ಲಿ ಹೋಗಿ. ಊರೊಳಗಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟಿರ್ತಾವೆ. ಮನೆ ಮೇಲೆ ಹಿಕ್ಕೆ ಬೀಳುತ್ತೆ, ಮೀನಿನ ವಾಸನೆ ಹೊಡೆಯುತ್ತೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರೋರು ಸಹಿಸ್ತಾರೆ. ಹಿಕ್ಕೆ ಗೊಬ್ಬರ ಆಗುತ್ತೆ. ಹಕ್ಕಿ ಕೂತ ಮರದ ಹುಣಸೆ ಫಸಲು ನಷ್ಟ ಆಗೋದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಅಲ್ಲೂ ಎಲ್ಲ ಸರಿಯಿಲ್ಲ, ಮರಗಳು ಕಡಿಮೆಯಾಗ್ತಿವೆ. ಆದರೆ ಮರದ ಜೊತೆ ಬದುಕೋಕೆ ಒಂದಿಷ್ಟು ಗಲೀಜು ಒಪ್ಕೋಬೇಕು ಅಂತ ಆ ಊರಿಗೆ ಗೊತ್ತು.

ನೀವೂ ಈ ರಸ್ತೆಯಲ್ಲಿ ವಿಲ್ಲಾ ತಗೊಂಡಿರಬಹುದು, ತಗೊಳ್ಳೋ ಆಸೆ ಇರಬಹುದು. ತಪ್ಪೇನಿಲ್ಲ. ಡಿಸೈನರ್ ಮೂಡ್ ಬೋರ್ಡ್ ತೋರಿಸಿದಾಗ ಮೂರು ಪ್ರಶ್ನೆ ಕೇಳಿ. ಈ ಕಂಬ ಏನು ಹೊರುತ್ತೆ? ಚಾವಣಿ ನೀರು ಎಲ್ಲಿಗೆ ಹೋಗುತ್ತೆ? ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ?

ಗೆಳೆಯ ಇದನ್ನು ಓದಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ವಾಟ್ಸಾಪಿನಲ್ಲಿ ಬರೆದ: ತೊಟ್ಟಿಯ ಗಾಜಿನ ಸುತ್ತ ಗಾಳಿಗೆ ಜಾಲರಿ ಬಿಡಿಸಬಹುದಂತೆ, ಸಂಪಿಗೆ ಕೊಟೇಶನ್ ಕೇಳಿದಾನಂತೆ. ಅಡುಗೆಮನೆ ಹಿಂದೆ ಬಾಳೆ ಹಾಕೋಕೆ ಮಾತ್ರ ಅಸೋಸಿಯೇಶನ್ ಒಪ್ಪಿಲ್ಲ. ಕೆಳಗೆ ಇನ್ನೊಂದು ಸಾಲು ಇತ್ತು: “ನಿಮ್ ಹಳೇ ಮನೆ ಗೋಡೆ ಇನ್ನೂ ನಿಂತಿದ್ಯಲ್ಲ, ನೀನೇನ್ ಮಾಡ್ತೀಯ?”

ಇನ್ನೂ ರಿಪ್ಲೈ ಮಾಡಿಲ್ಲ.